ಮಾಗಡಿ ರಸ್ತೆಯ ಸುಮನಹಳ್ಳಿ: ಆರೈಕೆಯಲ್ಲಿ ಕಂಡ ಕ್ರೈಸ್ತ ಧರ್ಮ

ಪಶ್ಚಿಮ ಬೆಂಗಳೂರಿನ ಚರಿತ್ರೆಯೆಂದರೆ ಮೊದಲು ನೆನಪಿಗೆ ಬರುವುದು ಬಡಾವಣೆಗಳ ಚರಿತ್ರೆ. 1945ರಲ್ಲಿ ರಚನೆಯಾದ ನಗರ ಸುಧಾರಣಾ ವಿಶ್ವಸ್ತ ಮಂಡಳಿ, 1949ರಲ್ಲಿ ಕೈಗಾರಿಕಾ ಉಪನಗರವಾಗಿ ಆರಂಭಗೊಂಡು ಆಗಿನ ಗವರ್ನರ್ ಜನರಲ್ ರಾಜಗೋಪಾಲಾಚಾರಿಯವರ ಹೆಸರನ್ನು ಪಡೆದ ರಾಜಾಜಿನಗರ, ಹೊಸಹಳ್ಳಿ ಬಡಾವಣೆಯೆಂದು ಕರೆಸಿಕೊಳ್ಳುತ್ತಿದ್ದ ವಿಜಯನಗರ, ಆಮೇಲೆ ಬೆಳೆದ ಬಸವೇಶ್ವರನಗರ, ಇವೆಲ್ಲವೂ ನಿವೇಶನ, ಕಾರ್ಖಾನೆ ಮತ್ತು ಮಧ್ಯಮವರ್ಗದ ಮನೆಗಳ ಕಥೆಯನ್ನು ಹೇಳುತ್ತವೆ. ಆದರೆ ಈ ಬಡಾವಣೆಗಳು ಹಬ್ಬುವ ಮುನ್ನ ಊರಿನ ಪಶ್ಚಿಮದ ಅಂಚು ಇನ್ನೊಂದು ಕಾರಣಕ್ಕೂ ಬಳಕೆಯಾಗುತ್ತಿತ್ತು. ಬಿನ್ನಿ ಮಿಲ್ಲಿನಿಂದ ಮುಂದಕ್ಕೆ ಸಾಗುವ ಮಾಗಡಿ ರಸ್ತೆಯ ಉದ್ದಕ್ಕೂ, ನಗರವು ತನ್ನ ನಡುವೆ ಇರಿಸಿಕೊಳ್ಳಲು ಒಪ್ಪದವರಿಗೆ ಜಾಗ ಸಿಕ್ಕಿತು: ಸರ್ಕಾರಿ ಕುಷ್ಠರೋಗ ಆಸ್ಪತ್ರೆಯೂ, ಭಿಕ್ಷುಕರಿಗಾಗಿ ತೆರೆದ ನಿರಾಶ್ರಿತರ ಪರಿಹಾರ ಕೇಂದ್ರವೂ ಈ ರಸ್ತೆಯಲ್ಲೇ ಇವೆ. ಇಂದು ಹೊರವರ್ತುಲ ರಸ್ತೆಯ ಒಂದು ದೊಡ್ಡ ವೃತ್ತಕ್ಕೂ ಮೇಲುಸೇತುವೆಗೂ ಹೆಸರು ಕೊಟ್ಟಿರುವ ಸುಮನಹಳ್ಳಿ ಹುಟ್ಟಿದ್ದು ಇದೇ ಸಾಲಿನಲ್ಲಿ. ದಿನವೂ ಆ ಸೇತುವೆಯ ಮೇಲೆ ಹೋಗಿಬರುವವರಲ್ಲಿ ಹೆಚ್ಚಿನವರಿಗೆ ಅದು ಕುಷ್ಠರೋಗಪೀಡಿತರ ಪುನರ್ವಸತಿಗಾಗಿ ಕಟ್ಟಿದ ನೆಲೆಯೆಂಬ ಸಂಗತಿ ತಿಳಿದಿರಲಾರದು.

ಕುಷ್ಠರೋಗಿಗಳನ್ನು ಊರಿನ ಹೊರಗಿಡುವ ಪದ್ಧತಿ ಬಹಳ ಹಳೆಯದು. ವಸಾಹತು ಕಾಲದಲ್ಲಿ ಅದಕ್ಕೆ ಕಾನೂನಿನ ಬಲವೂ ಸೇರಿತು. ನಾರ್ವೆಯ ವೈದ್ಯ ಗೆರ್ಹಾರ್ಡ್ ಹ್ಯಾನ್ಸನ್ 1873ರಲ್ಲಿ ಈ ರೋಗಕ್ಕೆ ಕಾರಣವಾದ ಬ್ಯಾಕ್ಟೀರಿಯಾವನ್ನು ಗುರುತಿಸಿದಾಗ, ಇದು ಪಾಪದ ಫಲವೂ ಅಲ್ಲ, ವಂಶಪಾರಂಪರ್ಯವಾಗಿ ಬರುವುದೂ ಅಲ್ಲ ಎಂಬುದು ಸ್ಪಷ್ಟವಾಯಿತು. ಆದರೆ ಸೋಂಕು ಎಂಬ ಆ ಅರಿವಿನಿಂದಲೇ ಹೊಸ ಭಯವೂ ಹುಟ್ಟಿಕೊಂಡಿತು. ಬ್ರಿಟಿಷ್ ಇಂಡಿಯಾದಲ್ಲಿ 1898ರಲ್ಲಿ ಜಾರಿಗೆ ಬಂದ ಕುಷ್ಠರೋಗಿಗಳ ಕಾಯ್ದೆಯು ನಿರ್ಗತಿಕ ರೋಗಿಗಳನ್ನು ವಾರಂಟ್ ಇಲ್ಲದೆಯೇ ಬಂಧಿಸಿ ಆಶ್ರಮಗಳಲ್ಲಿ ಇರಿಸುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟಿತು. ಆಹಾರ ಪದಾರ್ಥಗಳನ್ನು ಮಾರಾಟಕ್ಕಾಗಿ ತಯಾರಿಸುವುದನ್ನೂ, ಸಾರ್ವಜನಿಕ ಬಾವಿ ಕೆರೆಗಳಲ್ಲಿ ಸ್ನಾನ ಮಾಡುವುದನ್ನೂ ರೋಗಿಗಳಿಗೆ ನಿಷೇಧಿಸಲು ಅವಕಾಶ ಮಾಡಿತು. ರೋಗ ನಿಧಾನವಾಗಿ ಹರಡುವಂಥದ್ದು, ದೀರ್ಘಕಾಲದ ನಿಕಟ ಸಂಪರ್ಕವಿಲ್ಲದೆ ತಗಲುವುದು ಅಪರೂಪ, ಬಹುಪಾಲು ಜನರ ದೇಹಕ್ಕೆ ಅದನ್ನು ತಡೆಯುವ ಸಹಜ ಶಕ್ತಿಯಿದೆ ಎಂಬ ತಿಳಿವಳಿಕೆ ಜನಸಾಮಾನ್ಯರನ್ನು ಮುಟ್ಟುವ ಹೊತ್ತಿಗೆ ಹಲವು ತಲೆಮಾರುಗಳು ಬೀದಿಯಲ್ಲೇ ಕಳೆದುಹೋಗಿದ್ದವು.

ಈ ರೋಗಿಗಳ ಸೇವೆಗೆ ಕ್ರೈಸ್ತ ಪರಂಪರೆಯಲ್ಲಿ ವಿಶೇಷ ಸ್ಥಾನವಿರುವುದಕ್ಕೆ ಮೂಲ ಶುಭಸಂದೇಶಗಳಲ್ಲೇ, ಅಂದರೆ ಯೇಸುವಿನ ಜೀವನ ಮತ್ತು ಬೋಧನೆಯನ್ನು ಹೇಳುವ ಗ್ರಂಥಗಳಲ್ಲೇ, ಇದೆ. ಮಾರ್ಕನ ಶುಭಸಂದೇಶದ ಮೊದಲ ಅಧ್ಯಾಯದಲ್ಲಿ ಯೇಸು ಕುಷ್ಠರೋಗಿಯೊಬ್ಬನನ್ನು ಗುಣಪಡಿಸುವ ಪ್ರಸಂಗವಿದ್ದು, ಅಲ್ಲಿ ಯೇಸು ಮಾತಿಗೆ ಮೊದಲು ಕೈಚಾಚಿ ಆ ಮನುಷ್ಯನನ್ನು ಮುಟ್ಟುತ್ತಾನೆಂಬುದನ್ನು ವ್ಯಾಖ್ಯಾನಕಾರರು ಮತ್ತೆ ಮತ್ತೆ ಎತ್ತಿ ಹೇಳಿದ್ದಾರೆ, ಏಕೆಂದರೆ ಅಂದಿನ ಯೆಹೂದಿ ಸಮಾಜದಲ್ಲಿ ಅಂಥವನನ್ನು ಮುಟ್ಟುವುದೆಂದರೆ ತಾನೂ ಮೈಲಿಗೆಯಾಗುವುದೆಂದೇ ಅರ್ಥವಿತ್ತು. ಹಸಿದವರಿಗೆ, ರೋಗಿಗಳಿಗೆ, ಸೆರೆಯಲ್ಲಿದ್ದವರಿಗೆ ಮಾಡಿದ್ದನ್ನು ತನಗೇ ಮಾಡಿದಂತೆ ಎಣಿಸುವೆನೆಂದು ಯೇಸು ಹೇಳುವ ಭಾಗ ಮತ್ತಾಯನ ಶುಭಸಂದೇಶದ 25ನೇ ಅಧ್ಯಾಯದಲ್ಲಿದ್ದು, ಕ್ರೈಸ್ತ ಸೇವಾಸಂಸ್ಥೆಗಳೆಲ್ಲ ಸಾಮಾನ್ಯವಾಗಿ ತಮ್ಮ ಆಧಾರವೆಂದು ತೋರಿಸುವುದು ಅದನ್ನೇ. ಅಸಿಸಿಯ ಸಂತ ಫ್ರಾನ್ಸಿಸನ ಬದುಕು ತಿರುವು ಪಡೆದದ್ದು ಕುಷ್ಠರೋಗಿಯೊಬ್ಬನನ್ನು ಅಪ್ಪಿಕೊಂಡಾಗ ಎಂಬ ನಂಬಿಕೆ, ಹವಾಯಿ ದ್ವೀಪಗಳ ಮೊಲೊಕಾಯಿಯಲ್ಲಿ ರೋಗಿಗಳ ನಡುವೆ ಬದುಕಿ ಅದೇ ರೋಗದಿಂದ 1889ರಲ್ಲಿ ತೀರಿಕೊಂಡ ಬೆಲ್ಜಿಯಂನ ಗುರು ಡೇಮಿಯನ್ನರ ಜೀವನ, 1874ರಲ್ಲಿ ವೆಲ್ಲೆಸ್ಲಿ ಬೇಯ್ಲಿ ಭಾರತದ ರೋಗಿಗಳಿಗಾಗಿ ಕಟ್ಟಿದ ಪ್ರಾಟೆಸ್ಟೆಂಟ್ ಮಿಷನ್ ಇವೆಲ್ಲ ಆ ಪರಂಪರೆಯ ಬೇರೆ ಬೇರೆ ಕಾಲಘಟ್ಟಗಳು.

ಕನ್ನಡ ನಾಡಿನ ಮಟ್ಟಿಗೆ ಈ ಪರಂಪರೆಯ ಅತ್ಯಂತ ಗಟ್ಟಿಯಾದ ಹೆಜ್ಜೆ ಬಿದ್ದದ್ದು ಮಂಗಳೂರಿನಲ್ಲಿ. ಜರ್ಮನಿಯಲ್ಲಿ ಹುಟ್ಟಿದ ಯೇಸುಸಭೆಯ ಗುರು ಆಗಸ್ಟಸ್ ಮುಲ್ಲರ್ ಅವರು ಕಂಕನಾಡಿಯಲ್ಲಿ 1880ರಲ್ಲಿ ಬಡವರಿಗಾಗಿ ಹೋಮಿಯೋಪಥಿ ಔಷಧಾಲಯವನ್ನು ತೆರೆದು, ಅದರ ಬೆನ್ನಿಗೆ ಕುಷ್ಠರೋಗಿಗಳ ಆಶ್ರಯವನ್ನೂ ಪ್ಲೇಗಿನ ಆಸ್ಪತ್ರೆಯನ್ನೂ ಕಟ್ಟಿದರು. ಇಂದಿನ ಫಾದರ್ ಮುಲ್ಲರ್ ವೈದ್ಯಕೀಯ ಕಾಲೇಜಿನ ಬುಡ ಅದೇ ಔಷಧಾಲಯ. ಬೆಂಗಳೂರಿನಲ್ಲಿ 1886ರಲ್ಲಿ ಗುಡ್ ಶೆಫರ್ಡ್ ಸಭೆಯ ಕನ್ಯಾಸ್ತ್ರೀಯರು ಆರಂಭಿಸಿದ ಸೇಂಟ್ ಮಾರ್ಥಾಸ್ ಆಸ್ಪತ್ರೆಯೂ ಇದೇ ಕಾಲದ್ದು. ಆದರೆ ನಗರದ ಪಶ್ಚಿಮಕ್ಕೆ ಇಂಥ ಸಂಸ್ಥೆ ಬರಲು ಇನ್ನೂ ಸುಮಾರು ಒಂದು ಶತಮಾನ ಕಾಯಬೇಕಾಯಿತು. ಬಂದದ್ದೂ ವಿದೇಶಿ ಮಿಷನರಿಗಳ ಉಪಕ್ರಮದಿಂದಲ್ಲ, ರಾಜ್ಯ ಸರ್ಕಾರದ ಆಹ್ವಾನದಿಂದ.

1975ರಲ್ಲಿ ಕರ್ನಾಟಕವು ಭಿಕ್ಷಾಟನೆ ನಿಷೇಧ ಕಾಯ್ದೆಯನ್ನು ಜಾರಿಗೆ ತಂದಿತು. ಬೀದಿಯಲ್ಲಿ ಬೇಡುವವರನ್ನು ಹಿಡಿದು ಪರಿಹಾರ ಕೇಂದ್ರಕ್ಕೆ ಸೇರಿಸಲು ಕಾನೂನು ದಾರಿ ಮಾಡಿತಾದರೂ, ಬೇಡುವವರಲ್ಲಿ ಕುಷ್ಠರೋಗಪೀಡಿತರ ಸಂಖ್ಯೆ ದೊಡ್ಡದಾಗಿದ್ದುದರಿಂದ ಅವರನ್ನು ಕೂಡಿಹಾಕಿದ ಮೇಲೆ ನೋಡಿಕೊಳ್ಳುವವರು ಯಾರೆಂಬ ಪ್ರಶ್ನೆ ಸರ್ಕಾರದ ಮುಂದೆ ನಿಂತಿತು. ಹುಣ್ಣು ಕಟ್ಟುವ, ಊಟ ಬಡಿಸುವ, ಜೊತೆಯಲ್ಲಿ ಕೂರುವ ಕೆಲಸಕ್ಕೆ ಆದೇಶ ಹೊರಡಿಸಿ ಸಿಬ್ಬಂದಿಯನ್ನು ನೇಮಿಸಬಹುದಾದರೂ ಅವರ ಮನಸ್ಸಿನ ಅಳುಕನ್ನು ಆದೇಶದಿಂದ ತೆಗೆಯಲಾಗುವುದಿಲ್ಲ. ದೇವರಾಜ ಅರಸು ಅವರ ಸರ್ಕಾರವು ಬೆಂಗಳೂರಿನ ಮಹಾಧರ್ಮಾಧ್ಯಕ್ಷರಾಗಿದ್ದ, ಅಂದರೆ ನಗರದ ಕಥೋಲಿಕರ ಮುಖ್ಯ ಧರ್ಮಗುರುಗಳಾಗಿದ್ದ, ಆರೋಗ್ಯಸ್ವಾಮಿಯವರನ್ನು ಈ ಹೊಣೆ ಹೊರಲು ಕೇಳಿಕೊಂಡದ್ದು ಈ ಹಿನ್ನೆಲೆಯಲ್ಲಿ. 1970ರ ದಶಕದ ಕೊನೆಯಲ್ಲಿ ಮಾಗಡಿ ರಸ್ತೆಯ ಬದಿಯಲ್ಲಿ ಅರವತ್ತಕ್ಕೂ ಹೆಚ್ಚು ಎಕರೆ ಸರ್ಕಾರಿ ಭೂಮಿ ಗುತ್ತಿಗೆಯ ಮೇಲೆ ದೊರೆತು, ಸುಮನಹಳ್ಳಿ ಎಂಬ ಹೆಸರಿನ ಸಂಸ್ಥೆ ಕೆಲಸ ಆರಂಭಿಸಿತು. ಮುಂದೆ ಅದರ ನಿರ್ವಹಣೆಯಲ್ಲಿ ಕ್ಲಾರೆಷಿಯನ್ ಎಂಬ ಕಥೋಲಿಕ ಗುರುಸಭೆಯವರು ತೊಡಗಿಕೊಂಡರು. ಸರ್ಕಾರದ ಭೂಮಿ, ಚರ್ಚಿನ ದುಡಿಮೆ, ಸಾರ್ವಜನಿಕರ ನೆರವು ಈ ಮೂರೂ ಕೂಡಿದ ಈ ಏರ್ಪಾಡನ್ನು ಕರ್ನಾಟಕದ ಸಮಾಜ ಕಲ್ಯಾಣದ ಚರಿತ್ರೆಯಲ್ಲಿ ಮಹತ್ವದ ಪ್ರಯೋಗವೆಂದು ಎಣಿಸಬೇಕು.

ಅಲ್ಲಿ ನಡೆದ ಆರೈಕೆಯ ಸ್ವರೂಪವನ್ನು ತಿಳಿಯಬೇಕಾದರೆ ರೋಗವು ದೇಹಕ್ಕೆ ಏನು ಮಾಡುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕಾಗುತ್ತದೆ. ಕುಷ್ಠವು ಚರ್ಮದ ಮೇಲೆ ಸ್ಪರ್ಶಜ್ಞಾನವಿಲ್ಲದ ಮಚ್ಚೆಯಾಗಿ ಕಾಣಿಸಿಕೊಂಡು, ಚಿಕಿತ್ಸೆ ಸಿಗದೆ ಹೋದರೆ ಕೈಕಾಲುಗಳ ನರಗಳನ್ನು ಕೆಡಿಸುತ್ತದೆ. ಬೆರಳುಗಳು ಕೊಳೆತು ಉದುರುತ್ತವೆಂಬುದು ತಪ್ಪು ನಂಬಿಕೆ. 1946ರಲ್ಲಿ ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಅವರು, ನೋವೇ ತಿಳಿಯದಿರುವುದು ಅಂಗನಾಶಕ್ಕೆ ನಿಜವಾದ ಕಾರಣವೆಂದು ತೋರಿಸಿಕೊಟ್ಟರು. ಕಾದ ಪಾತ್ರೆಯನ್ನು ಬರಿಗೈಯಲ್ಲಿ ಹಿಡಿದರೂ ಸುಟ್ಟದ್ದು ಗೊತ್ತಾಗುವುದಿಲ್ಲ, ಚಪ್ಪಲಿಯೊಳಗೆ ಸೇರಿದ ಮೊಳೆ ದಿನವಿಡೀ ಅಂಗಾಲನ್ನು ಚುಚ್ಚಿದರೂ ಅರಿವಾಗುವುದಿಲ್ಲ, ರೆಪ್ಪೆಯ ನರ ಸೋತರೆ ಕಣ್ಣು ಮುಚ್ಚದೆ ಧೂಳು ಸೇರಿ ದೃಷ್ಟಿಯೇ ಹೋಗಬಹುದು. ಹೀಗೆ ಗಮನಕ್ಕೆ ಬಾರದ ಸಣ್ಣ ಗಾಯಗಳು ಹುಣ್ಣಾಗಿ, ಹುಣ್ಣು ಎಲುಬಿಗಿಳಿದು, ಅಂಗ ಕುಗ್ಗುತ್ತ ಹೋಗುತ್ತದೆ.

ಆದ್ದರಿಂದ ಕುಷ್ಠರೋಗಿಯ ಆರೈಕೆಯಲ್ಲಿ ಆಸ್ಪತ್ರೆಯ ದೊಡ್ಡ ಚಿಕಿತ್ಸೆಗಳಷ್ಟೇ ಬೆಲೆ ದಿನನಿತ್ಯದ ಸಣ್ಣ ಕೆಲಸಗಳಿಗೂ ಇದೆ. ಕಾಲನ್ನು ದಿನವೂ ನೀರಿನಲ್ಲಿ ನೆನೆಸಿಡುವುದು, ಗಟ್ಟಿಯಾದ ಚರ್ಮವನ್ನು ಉಜ್ಜಿ ತೆಗೆಯುವುದು, ಒಣಗಿ ಬಿರಿಯದಂತೆ ಎಣ್ಣೆ ಹಚ್ಚುವುದು, ಅಂಗಾಲಿನಲ್ಲಿ ಬೊಬ್ಬೆಯೋ ಕೆಂಪೋ ಕಂಡಿದೆಯೇ ಎಂದು ಬೆಳಕಿನಲ್ಲಿ ಹಿಡಿದು ನೋಡುವುದು, ಹುಣ್ಣಿದ್ದರೆ ತೊಳೆದು ಬ್ಯಾಂಡೇಜು ಕಟ್ಟಿ ಆ ಕಾಲಿಗೆ ವಿಶ್ರಾಂತಿ ಕೊಡಿಸುವುದು, ಈ ಕೆಲಸಗಳಲ್ಲಿ ಒಂದೂ ಕೌಶಲದ ಪ್ರದರ್ಶನಕ್ಕೆ ಒದಗುವಂಥದ್ದಲ್ಲ. ಆದರೆ ಇವನ್ನು ವರ್ಷಗಟ್ಟಲೆ ತಪ್ಪದೆ ಮಾಡಲು ಬೇಕಾಗುವ ತಾಳ್ಮೆ ಸಾಮಾನ್ಯವಾದದ್ದಲ್ಲ. ಸ್ಪರ್ಶವಿಲ್ಲದ ಪಾದಕ್ಕೆ ಒತ್ತಡ ಹಂಚುವಂತೆ ಮೈಕ್ರೋಸೆಲ್ಯುಲರ್ ರಬ್ಬರಿನಿಂದ, ಅಂದರೆ ಒಳಗೆ ಸೂಕ್ಷ್ಮ ಗಾಳಿಗೂಡುಗಳಿರುವ ಮೆತ್ತನೆಯ ರಬ್ಬರಿನಿಂದ, ಮಾಡುವ ಚಪ್ಪಲಿಯನ್ನು ರೂಪಿಸಿ ಬಳಕೆಗೆ ತಂದವರಲ್ಲಿ ಬ್ರ್ಯಾಂಡ್ ಮತ್ತು ಅವರ ಸಂಗಡಿಗರು ಮುಖ್ಯರು. ಅಂಥ ಚಪ್ಪಲಿ ತಯಾರಿಕೆ ಸುಮನಹಳ್ಳಿಯ ಪ್ರಮುಖ ಕಸುಬುಗಳಲ್ಲಿ ಒಂದಾಯಿತು, ಅದರಲ್ಲೂ ಗುಣಮುಖರಾದವರೇ ದುಡಿಯುವಂತಾಯಿತು. ತನ್ನಂಥವನ ಪಾದಕ್ಕೆ ಚಪ್ಪಲಿ ಹೊಲಿಯುವ ಮನುಷ್ಯನು ಭಿಕ್ಷೆಯಿಂದ ಕೂಲಿಗೆ ದಾಟಿದ್ದಾನೆ ಎಂಬುದೇ ಇಲ್ಲಿ ಗಮನಿಸಬೇಕಾದ ಬದಲಾವಣೆ.

ಚರ್ಮದ ಕೆಲಸ, ಹೊಲಿಗೆ ಮೊದಲಾದ ತರಬೇತಿಗಳು, ಪುನರ್ವಸತಿ ಹೊಂದಿದ ಕುಟುಂಬಗಳಿಗೆ ಮನೆ, ಅವರ ಮಕ್ಕಳಿಗೆ ಶಾಲೆ, ನಗರದ ಕೊಳೆಗೇರಿಗಳಲ್ಲಿ ಬಿಡಿಬಿಡಿಯಾಗಿ ವಾಸಿಸುವ ರೋಗಿಗಳಿಗಾಗಿ ಸಂಚಾರಿ ಚಿಕಿತ್ಸಾಲಯ ಹೀಗೆ ಕೆಲಸ ಕವಲೊಡೆಯಿತು. ಎಚ್‌ಐವಿ ಸೋಂಕು ಕುಷ್ಠದಂತೆಯೇ ಜನರನ್ನು ಮನೆಯಿಂದ ಹೊರಹಾಕಿಸುವ ಕಾಯಿಲೆಯಾದಾಗ ಸುಮನಹಳ್ಳಿ ಆ ರೋಗಿಗಳಿಗೂ ಬಾಗಿಲು ತೆರೆಯಿತು. ಒಂದು ರೋಗಕ್ಕಾಗಿ ಕಟ್ಟಿದ ಸಂಸ್ಥೆಯು ಆ ರೋಗ ಇಳಿಮುಖವಾದಾಗ ಕೈಕಟ್ಟಿ ಕೂರದೆ, ಹೊಸದಾಗಿ ಹೊರದೂಡಲ್ಪಟ್ಟವರ ಕಡೆಗೆ ತಿರುಗಿದ್ದು ಅದರ ಮೂಲಪ್ರೇರಣೆ ಎಂಥದ್ದೆಂಬುದನ್ನು ತೋರಿಸುತ್ತದೆ.

ಕ್ರೈಸ್ತ ಸೇವೆಯ ಹಿಂದೆ ಮತಪ್ರಚಾರದ ಉದ್ದೇಶವಿದೆಯೇ ಎಂಬ ಪ್ರಶ್ನೆಯನ್ನು ಭಾರತದ ಸಾರ್ವಜನಿಕ ಚರ್ಚೆ ಹಲವು ಬಾರಿ ಎತ್ತಿದೆ, ಅದನ್ನು ಬದಿಗಿಟ್ಟು ಈ ಚರಿತ್ರೆಯನ್ನು ಬರೆಯುವುದು ಪ್ರಾಮಾಣಿಕವಾಗುವುದಿಲ್ಲ. ಸುಮನಹಳ್ಳಿಯ ಮಟ್ಟಿಗೆ ಹೇಳಬಹುದಾದದ್ದು ಇಷ್ಟು: ಅದು ಚುನಾಯಿತ ಸರ್ಕಾರವೊಂದು ಕೇಳಿಕೊಂಡು ಒಪ್ಪಿಸಿದ ಕೆಲಸ, ಜಾತಿ ಮತಗಳ ಭೇದವಿಲ್ಲದೆ ಎಲ್ಲ ರೋಗಿಗಳಿಗೂ ತೆರೆದಿದ್ದ ನೆಲೆ. ಧರ್ಮವು ಅಲ್ಲಿ ದುಡಿಯುವವರನ್ನು ಕೆಲಸಕ್ಕೆ ಹಚ್ಚಿದ ಶಕ್ತಿಯಾಗಿತ್ತು, ಆರೈಕೆ ಪಡೆಯುವವರ ಮೇಲೆ ಹೊರಿಸಿದ ಷರತ್ತಾಗಿರಲಿಲ್ಲ. ಇಂಥ ಸೇವೆ ಕ್ರೈಸ್ತರಿಗಷ್ಟೇ ಮೀಸಲಾದದ್ದೂ ಅಲ್ಲ. ಸೇವಾಗ್ರಾಮದಲ್ಲಿ ಕುಷ್ಠಪೀಡಿತರಾಗಿದ್ದ ಪರ್ಚುರೆ ಶಾಸ್ತ್ರಿಗಳ ಶುಶ್ರೂಷೆಯನ್ನು ಗಾಂಧೀಜಿ ತಮ್ಮ ಕೈಯಾರೆ ಮಾಡಿದ್ದರು ಮತ್ತು ತಮ್ಮ ರಚನಾತ್ಮಕ ಕಾರ್ಯಕ್ರಮದಲ್ಲಿ ಕುಷ್ಠರೋಗಿಗಳ ಸೇವೆಯನ್ನು ಸೇರಿಸಿದ್ದರು; ಅವರು ಹುತಾತ್ಮರಾದ ಜನವರಿ 30ನ್ನು ಭಾರತವು ಕುಷ್ಠರೋಗ ವಿರೋಧಿ ದಿನವಾಗಿ ಆಚರಿಸುವುದು ಈ ಕಾರಣಕ್ಕೇ. ಕಾಯಕ ಮತ್ತು ದಾಸೋಹಗಳನ್ನು ಭಕ್ತಿಯ ಅಂಗವೆಂದು ಕಂಡ ಶರಣರ ಹೆಸರನ್ನು ಹೊತ್ತ ಬಸವೇಶ್ವರನಗರದ ಪಕ್ಕದಲ್ಲೇ ಈ ಕ್ರೈಸ್ತ ಸಂಸ್ಥೆ ಬೇರೂರಿತೆಂಬುದು ಕಾಕತಾಳೀಯವಾದರೂ, ನಂಬಿಕೆಯನ್ನು ಕೈಯ ಕೆಲಸದಿಂದ ಅಳೆಯುವ ಮಾತು ಈ ನಾಡಿನ ಕಿವಿಗೆ ಹೊಸದಾಗಿರಲಿಲ್ಲ.

ಇದೇ ಪಶ್ಚಿಮ ದಿಕ್ಕಿನಲ್ಲಿ, ಮೈಸೂರು ರಸ್ತೆಯ ಕೆಂಗೇರಿಯ ಬಳಿ, ಕ್ರೈಸ್ತ ಧರ್ಮದ ಇನ್ನೊಂದು ಮುಖವಿದೆ. 1947ರಲ್ಲಿ ಬೆಂಗಳೂರಿನ ಹೊರವಲಯದ ಸಿಲುವೆಪುರದಲ್ಲಿ ಸ್ಥಾಪನೆಯಾದ ಆಶೀರ್ವನಂ ಬೆನೆಡಿಕ್ಟೈನ್ ಮಠವು 1957ರಲ್ಲಿ ಕೆಂಗೇರಿಗೆ ಸ್ಥಳಾಂತರವಾಯಿತು. ಅದಕ್ಕೂ ಮುನ್ನ, 1955ರಲ್ಲಿ, ಇಂಗ್ಲೆಂಡಿನಿಂದ ಬಂದ ಸನ್ಯಾಸಿ ಬೀಡ್ ಗ್ರಿಫಿತ್ಸ್ ಭಾರತದಲ್ಲಿ ತಮ್ಮ ಮೊದಲ ನೆಲೆ ಹೂಡಿದ್ದೂ ಕೆಂಗೇರಿಯಲ್ಲೇ, ಬಳಿಕ ಅವರು ಕೇರಳಕ್ಕೂ ತಮಿಳುನಾಡಿಗೂ ಹೋಗಿ ಹೆಸರಾದರು. ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟ್ ರಚಿಸಿದ ಮಠದ ನಿಯಮಾವಳಿಯಲ್ಲಿ ಬಂದ ಅತಿಥಿಯನ್ನು ಕ್ರಿಸ್ತನನ್ನೇ ಬರಮಾಡಿಕೊಂಡಂತೆ ಬರಮಾಡಿಕೊಳ್ಳಬೇಕೆಂಬ ವಿಧಿಯಿದೆ, ರೋಗಿಗಳ ಆರೈಕೆಗೆ ಎಲ್ಲಕ್ಕಿಂತ ಮೊದಲ ಸ್ಥಾನವೆಂಬ ವಿಧಿಯೂ ಇದೆ. ಪ್ರಾರ್ಥನೆಗೆಂದು ಜನರಿಂದ ದೂರ ಸರಿದವರಿಗೂ ಬಾಗಿಲು ತಟ್ಟಿದವರ ಆರೈಕೆಯಿಂದ ವಿನಾಯಿತಿಯಿಲ್ಲ ಎಂಬ ಈ ತಿಳಿವಳಿಕೆಯು ಸುಮನಹಳ್ಳಿಯ ಹುಣ್ಣು ತೊಳೆಯುವ ಕೆಲಸದ ಹಿಂದೆಯೂ ಇರುವಂಥದ್ದೇ.

ಸುಮನಹಳ್ಳಿ ಆರಂಭವಾದಾಗ ಕುಷ್ಠಕ್ಕೆ ಲಭ್ಯವಿದ್ದ ಮುಖ್ಯ ಔಷಧ ಡ್ಯಾಪ್ಸೋನ್ ಮಾತ್ರೆ, ಅದನ್ನು ವರ್ಷಾನುಗಟ್ಟಲೆ ನುಂಗಬೇಕಿತ್ತು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ತಂಡವು ಡ್ಯಾಪ್ಸೋನ್, ರಿಫಾಂಪಿಸಿನ್, ಕ್ಲೋಫಜಿಮಿನ್ ಔಷಧಗಳನ್ನು ಕೂಡಿಸಿ ಕೊಡುವ ಬಹು ಔಷಧ ಚಿಕಿತ್ಸೆಯನ್ನು ಶಿಫಾರಸು ಮಾಡಿದ ಮೇಲೆ ಚಿತ್ರವೇ ಬದಲಾಯಿತು. 1983ರಲ್ಲಿ ಭಾರತದ ರಾಷ್ಟ್ರೀಯ ಕುಷ್ಠರೋಗ ನಿರ್ಮೂಲನಾ ಕಾರ್ಯಕ್ರಮ ಆರಂಭವಾಯಿತು. 2005ರ ಕೊನೆಗೆ ದೇಶದಲ್ಲಿ ರೋಗದ ಪ್ರಮಾಣ ಹತ್ತು ಸಾವಿರ ಜನರಿಗೆ ಒಬ್ಬರಿಗಿಂತ ಕೆಳಗಿಳಿಯಿತು. ಆದರೆ ಮಾತ್ರೆ ದೇಹದೊಳಗಿನ ಬ್ಯಾಕ್ಟೀರಿಯಾವನ್ನು ಕೊಂದರೂ ಆಗಲೇ ಸತ್ತ ನರಕ್ಕೆ ಜೀವ ತರಲಾರದು, ಮುರಿದ ಮದುವೆಯನ್ನೂ ಬಿಟ್ಟುಹೋದ ಮಕ್ಕಳನ್ನೂ ಮರಳಿಸಲಾರದು. ಔಷಧ ಗೆದ್ದ ಮೇಲೂ ಸುಮನಹಳ್ಳಿಯ ಅಗತ್ಯ ಉಳಿದದ್ದು ಇದರಿಂದಲೇ. ಕಾನೂನು ಇನ್ನೂ ನಿಧಾನ: 1898ರ ಕಾಯ್ದೆ ರದ್ದಾದದ್ದು 2016ರಲ್ಲಿ, ಕುಷ್ಠವು ವಿಚ್ಛೇದನಕ್ಕೆ ಕಾರಣವಾಗಬಹುದೆಂಬ ಅಂಶವನ್ನು ವೈಯಕ್ತಿಕ ಕಾನೂನುಗಳಿಂದ ಸಂಸತ್ತು ತೆಗೆದುಹಾಕಿದ್ದು 2019ರಲ್ಲಿ.

ಊರಿನ ಹೊರಗೆಂದು ಆರಿಸಿದ್ದ ಜಾಗ ಈಗ ಊರಿನ ನಟ್ಟನಡುವೆ ಇದೆ. ಜಗತ್ತಿನ ಹೊಸ ಕುಷ್ಠರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಇಂದಿಗೂ ಭಾರತದವರೇ. ವರ್ಷಕ್ಕೆ ಒಂದು ಲಕ್ಷದ ಆಸುಪಾಸಿನಲ್ಲಿ ಹೊಸ ಪ್ರಕರಣಗಳು ಪತ್ತೆಯಾಗುತ್ತಿವೆ. ಮುಟ್ಟಿದರೆ ತಿಳಿಯದ ಮಚ್ಚೆ ಮೈಮೇಲೆ ಕಂಡವರು ಅದನ್ನು ಬಚ್ಚಿಡದೆ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋಗಬೇಕು, ಮನೆಯವರು ಅವರ ತಟ್ಟೆ ಲೋಟವನ್ನು ಬೇರೆ ಮಾಡದೆ ಜೊತೆಗೆ ಹೋಗಬೇಕು. ರೋಗದ ಬಗೆಗೆ ಅನುಗುಣವಾಗಿ ಆರು ಇಲ್ಲವೇ ಹನ್ನೆರಡು ತಿಂಗಳ ಪೂರ್ತಿ ಚಿಕಿತ್ಸೆ ಅಲ್ಲಿ ಉಚಿತವಾಗಿ ಸಿಗುತ್ತದೆ.