ಹುರಿಯದ ಬೀಜಕ್ಕೆ ತೆರೆದ ಬಾಗಿಲು: ಜಾಗತಿಕ ವ್ಯಾಪಾರ ನಿಯಮಗಳು ಮತ್ತು ಕಾಫಿ ಬೆಳೆಯುವ ದೇಶಗಳು

ಯುರೋಪ್ ಒಕ್ಕೂಟದ ಸುಂಕಪಟ್ಟಿಯಲ್ಲಿ ಕಾಫಿಗೆ ಹಲವು ಸಾಲುಗಳಿವೆ. ಹುರಿಯದ ಬೀಜ 0901.11ನೇ ಸಾಲಿಗೆ ಸೇರಿದ್ದು, ಅದಕ್ಕೆ ಸುಂಕವಿಲ್ಲ. ಅದೇ ಬೀಜವನ್ನು ಕಾಲು ಗಂಟೆ ಹುರಿದರೆ 0901.21ಕ್ಕೆ ಹೋಗುತ್ತದೆ, ಸಾಮಾನ್ಯ ಸುಂಕ ಶೇ. 7.5. ಡಿಕಾಕ್ಷನ್ ಇಳಿಸಿ, ಒಣಗಿಸಿ, ಇನ್‌ಸ್ಟಂಟ್ ಪುಡಿ ಮಾಡಿದರೆ 2101.11; ಸುಂಕ ಶೇ. 9. ರಿಯಾಯಿತಿ ಸಿಕ್ಕ ದೇಶಗಳು ಕಡಿಮೆ ಕಟ್ಟುತ್ತವೆ, ಕೆಲವು ಏನೂ ಕಟ್ಟುವುದಿಲ್ಲ. ಆದರೆ ಪಟ್ಟಿಯ ಮೂಲ ಲೆಕ್ಕ ಸ್ಪಷ್ಟವಾಗಿದೆ: ಬೆಳೆದ ನಾಡಿನಲ್ಲಿ ಬೀಜದ ಮೇಲೆ ಕೆಲಸ ಹೆಚ್ಚಾದಷ್ಟೂ ಬಂದರಿನಲ್ಲಿ ಸುಂಕ ಹೆಚ್ಚು.

ವ್ಯಾಪಾರ ನಿಯಮ ಮತ್ತು ಅಭಿವೃದ್ಧಿಶೀಲ ದೇಶಗಳ ಕುರಿತ ನಮ್ಮ ಚರ್ಚೆ ಬಹುಮಟ್ಟಿಗೆ ಮುಕ್ತ ಮಾರುಕಟ್ಟೆ ಬೇಕೋ ರಕ್ಷಣೆ ಬೇಕೋ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಕಾಫಿಯ ಎಂಬತ್ತು ವರ್ಷಗಳ ಚರಿತ್ರೆಯನ್ನು ಓದುತ್ತಾ ಹೋದಂತೆ ಆ ಪ್ರಶ್ನೆ ಸಾಲದು ಎಂದು ನನಗೆ ಅನಿಸಿದೆ. ಕಾಫಿ ಕೋಟಾದ ಕಾಲವನ್ನು ಕಂಡಿತು, ಕೋಟಾ ಮುರಿದ ಕಾಲವನ್ನು ಕಂಡಿತು, ಈಗ ಕಾಡಿನ ರಕ್ಷಣೆಯ ಹೆಸರಿನ ನಿಯಮವನ್ನು ಎದುರು ನೋಡುತ್ತಿದೆ. ಒಂದೊಂದು ಕಾಲದಲ್ಲೂ ಬೆಲೆಯ ಹಣೆಬರಹ ಬದಲಾಯಿತು. ಬೀಜ ಬೆಳೆಯುವವರು ಬೀಜ ಮಾರಿಕೊಂಡೇ ಇರಬೇಕೆಂಬ ಏರ್ಪಾಡು ಮಾತ್ರ ಹೆಚ್ಚು ಅಲುಗಲಿಲ್ಲ. ದೇಶದ ಕಾಫಿಯಲ್ಲಿ ಸುಮಾರು ಶೇ. 70ರಷ್ಟು ಬೆಳೆಯುವ ಕರ್ನಾಟಕಕ್ಕೆ ಇದು ದೂರದ ಸಂಗತಿಯಲ್ಲ.

ಪೂಲ್ ಕಾಲ

1930ರ ದಶಕದ ಆರ್ಥಿಕ ಕುಸಿತದಲ್ಲಿ ಕಾಫಿ ಕೊಳ್ಳುವವರಿಲ್ಲದೆ ಬ್ರೆಜಿಲ್ ತನ್ನ ಬೆಳೆಯನ್ನು ತಾನೇ ಸುಟ್ಟಿತು, ಸಮುದ್ರಕ್ಕೆ ಸುರಿಯಿತು. 1931ರಿಂದ 1944ರವರೆಗೆ ಹೀಗೆ ನಾಶವಾದದ್ದು ಸುಮಾರು 7.8 ಕೋಟಿ ಮೂಟೆ. ಎರಡನೆಯ ಮಹಾಯುದ್ಧ ಯುರೋಪಿನ ಬಂದರುಗಳನ್ನು ಮುಚ್ಚಿದಾಗ ಮೈಸೂರು ಮತ್ತು ಕೊಡಗಿನ ತೋಟಗಳಿಗೂ ಅದೇ ಭಯ ಹುಟ್ಟಿತು. 1940ರಲ್ಲಿ ಎರಡು ಸಂಗತಿಗಳು ನಡೆದವು. ವಾಷಿಂಗ್ಟನ್ನಿನಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನ ಲ್ಯಾಟಿನ್ ಅಮೆರಿಕದ 14 ದೇಶಗಳಿಗೆ ಕೋಟಾ ಹಂಚಿಕೊಟ್ಟಿತು. ಭಾರತದಲ್ಲಿ ಕಾಫಿ ಮಾರುಕಟ್ಟೆ ವಿಸ್ತರಣಾ ಸುಗ್ರೀವಾಜ್ಞೆ ಹೊರಬಿತ್ತು. 1942ರಲ್ಲಿ ಅದು ಕಾಯಿದೆಯಾಯಿತು, ಕಾಫಿ ಮಂಡಳಿ ನೆಲೆ ನಿಂತಿತು.

ಈ ಕಾಯಿದೆ ತಂದ ಪೂಲ್ ಪದ್ಧತಿಯನ್ನು ಹತ್ತಿರದಿಂದ ನೋಡಬೇಕು. ಬೆಳೆಗಾರ ಮನೆಬಳಕೆಗೂ ಬಿತ್ತನೆಗೂ ಸ್ವಲ್ಪ ಇಟ್ಟುಕೊಳ್ಳಬಹುದಿತ್ತು; ಉಳಿದ ಕಾಫಿಯನ್ನೆಲ್ಲ ಮಂಡಳಿಗೆ ಒಪ್ಪಿಸಬೇಕಿತ್ತು. ಕಣದಲ್ಲಿ ಒಣಗಿದ ಪಾರ್ಚ್‌ಮೆಂಟ್ (ತಿರುಳು ತೆಗೆದ ಬೀಜ) ಅಥವಾ ಚೆರಿ (ಇಡೀ ಹಣ್ಣು) ಲಾರಿ ಏರಿ ಕ್ಯೂರಿಂಗ್ ವರ್ಕ್ಸ್ ಸೇರಿದ ಕ್ಷಣದಿಂದ ಅದು ಅವನದಲ್ಲ. ಅಲ್ಲಿ ಸಿಪ್ಪೆ ತೆಗೆದು, ಜರಡಿ ಹಿಡಿದು, ದರ್ಜೆ ಕಟ್ಟಿ, ಒಂದೊಂದು ದರ್ಜೆಗೂ ಇಷ್ಟು ಪಾಯಿಂಟ್ ಎಂದು ಲೆಕ್ಕ ಹಾಕುತ್ತಿದ್ದರು. ಮೊದಲು ಮುಂಗಡ ಬರುತ್ತಿತ್ತು. ಮಂಡಳಿ ರಫ್ತಿಗೆ ಒಂದು, ದೇಶದೊಳಗಿನ ಮಾರಾಟಕ್ಕೆ ಒಂದು ಎಂದು ಬೇರೆ ಬೇರೆ ಹರಾಜು ನಡೆಸಿ, ಹಣ ಬಂದಂತೆಲ್ಲ ಪಾಯಿಂಟಿಗೆ ಇಷ್ಟೆಂದು ಕಂತು ಕೊಡುತ್ತಿತ್ತು. ಕೊನೆಯ ಕಂತು ಕೈಗೆ ಸಿಗುವ ಹೊತ್ತಿಗೆ ಮುಂದಿನ ಬೆಳೆ ಗಿಡದ ಮೇಲೆ ಹಣ್ಣಾಗಿರುತ್ತಿತ್ತು. ಮಲೆನಾಡಿನ ಹಿರಿಯ ಬೆಳೆಗಾರರು "ಪೂಲ್ ಕಾಲದಲ್ಲಿ" ಎಂದು ಮಾತು ಶುರುಮಾಡಿದರೆ ಅದರಲ್ಲಿ ದೂರೂ ಇರುತ್ತದೆ, ನೆಮ್ಮದಿಯೂ ಇರುತ್ತದೆ. ದುಡ್ಡು ತಡವಾಗುತ್ತಿತ್ತು, ಆದರೆ ಬರುತ್ತಿತ್ತು.

ಲಂಡನ್ನಿನ ಕೋಟಾ

ಪೂಲ್ ದಶಕಗಳ ಕಾಲ ಉಳಿಯಲು ಹೊರಗಿನ ಆಸರೆಯೂ ಒಂದಿತ್ತು. 1950ರಲ್ಲಿ ಅರ್ಥಶಾಸ್ತ್ರಜ್ಞರಾದ ಅರ್ಜೆಂಟೀನಾದ ರೌಲ್ ಪ್ರೆಬಿಷ್, ಹ್ಯಾನ್ಸ್ ಸಿಂಗರ್ ಇಬ್ಬರೂ ಬೇರೆ ಬೇರೆಯಾಗಿ ಒಂದೇ ತೀರ್ಮಾನ ಮುಂದಿಟ್ಟಿದ್ದರು: ಕಚ್ಚಾ ಸರಕು ಮಾರಿ ಕಾರ್ಖಾನೆಯ ಮಾಲು ಕೊಳ್ಳುವ ದೇಶಗಳ ವಿನಿಮಯ ಬಲ ಕಾಲಕ್ರಮದಲ್ಲಿ ಕುಗ್ಗುತ್ತದೆ. ವಾದ ಒಪ್ಪಿಗೆಯಾಗಿ ಅಮೆರಿಕ ಕೋಟಾಕ್ಕೆ ತಲೆಯಾಡಿಸಿತು ಎನ್ನಲಾಗದು. ಕ್ಯೂಬಾದ ಕ್ರಾಂತಿಯ ನಂತರ ಲ್ಯಾಟಿನ್ ಅಮೆರಿಕದ ಬಡ ತೋಟಗಳು ಕಮ್ಯುನಿಸ್ಟರ ಕಡೆಗೆ ವಾಲಬಹುದೆಂಬ ಆತಂಕವೇ ಕೆನಡಿ ಸರ್ಕಾರವನ್ನು ನ್ಯೂಯಾರ್ಕಿನ ಮಾತುಕತೆಗೆ ಕೂರಿಸಿತು. 1962ರ ಅಂತಾರಾಷ್ಟ್ರೀಯ ಕಾಫಿ ಒಪ್ಪಂದ ಹುಟ್ಟಿದ್ದು ಹೀಗೆ. 1963ರಲ್ಲಿ ಅದರ ಸಂಸ್ಥೆ ಲಂಡನ್ನಿನಲ್ಲಿ ನೆಲೆಯಾಯಿತು.

ಬೆಳೆಯುವ ಪ್ರತಿ ದೇಶಕ್ಕೂ ರಫ್ತಿನ ಪಾಲು ಗೊತ್ತಾಯಿತು. ಕೊಳ್ಳುವ ದೇಶಗಳು ಆ ಪಾಲನ್ನು ತಮ್ಮ ಕಸ್ಟಮ್ಸ್ ಕಟ್ಟೆಯಲ್ಲೇ ಜಾರಿ ಮಾಡಿದವು. 1980ರ ದಶಕದಲ್ಲಿ ಗುರಿಯಾಗಿದ್ದ ಬೆಲೆ ಪೌಂಡಿಗೆ 120ರಿಂದ 140 ಸೆಂಟು. 1975ರ ಜುಲೈಯಲ್ಲಿ ಬ್ರೆಜಿಲ್ಲಿಗೆ ಹಿಮ ಬಡಿದು 1977ರಲ್ಲಿ ಬೆಲೆ ಮೂರು ಡಾಲರ್ ದಾಟಿದಂಥ ಹೊತ್ತನ್ನು ಬಿಟ್ಟರೆ, ಕೋಟಾ ಜಾರಿಯಲ್ಲಿದ್ದ ವರ್ಷಗಳಲ್ಲಿ ಬೆಲೆ ಬಹುಪಾಲು ಹದದಲ್ಲಿತ್ತು. ಕೋಟಾದ ಹೊರಗಿನ ಮಾರುಕಟ್ಟೆಯೂ ಇತ್ತು. ಭಾರತಕ್ಕೆ ಅದು ಸೋವಿಯತ್ ಒಕ್ಕೂಟ. ಡಾಲರಿನ ಗೊಡವೆಯಿಲ್ಲದೆ ರೂಪಾಯಿ ಲೆಕ್ಕದಲ್ಲಿ ನಡೆದ ಆ ವ್ಯಾಪಾರ ನಮ್ಮ ಮಂಡಳಿಗೆ ಬಲುದೊಡ್ಡ ಆಧಾರ.

ಇಲ್ಲಿಯವರೆಗೆ ಕೋಟಾದ ಗುಣವನ್ನೇ ಹೇಳಿದೆ. ಅದರ ಇನ್ನೊಂದು ಮುಖ ಬ್ರೆಜಿಲ್ಲಿನ ಇನ್‌ಸ್ಟಂಟ್ ಕಾಫಿಯ ಪ್ರಕರಣದಲ್ಲಿ ಕಾಣುತ್ತದೆ. ಅಭಿವೃದ್ಧಿಯ ಚರಿತ್ರೆಯಲ್ಲಿ ಅದಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲವೆಂಬುದು ನನ್ನ ಅಭಿಪ್ರಾಯ.

1960ರ ದಶಕದ ಮಧ್ಯದಲ್ಲಿ ಬ್ರೆಜಿಲ್ ತನ್ನಲ್ಲೇ ಇನ್‌ಸ್ಟಂಟ್ ಕಾರ್ಖಾನೆಗಳನ್ನು ಬೆಳೆಸಿತು. ರಫ್ತಿಗೆ ಒಗ್ಗದ ಒಡಕು, ಕೆಳದರ್ಜೆಯ ಬೀಜ ಅಲ್ಲಿನ ತಯಾರಕರಿಗೆ ಅಗ್ಗವಾಗಿ ಸಿಗುತ್ತಿತ್ತು. ಬೀಜದ ಮೇಲಿದ್ದ ರಫ್ತು ತೆರಿಗೆ ಪುಡಿಯ ಮೇಲೆ ಇರಲಿಲ್ಲ. ನೋಡನೋಡುತ್ತ ಬ್ರೆಜಿಲ್ಲಿನ ಪುಡಿ ಅಮೆರಿಕದ ಅಂಗಡಿಗಳನ್ನು ತಲುಪಿತು. ಬಡ ದೇಶ ಕಚ್ಚಾ ಮಾಲಿನಿಂದ ಒಂದು ಮೆಟ್ಟಿಲು ಮೇಲೇರುವುದು ಹೀಗೆಯೇ. ಅರ್ಥಶಾಸ್ತ್ರದ ಪಠ್ಯಗಳು ಬಡ ದೇಶಗಳಿಗೆ ಹೇಳುವ ದಾರಿಯೂ ಇದೇ. ಅಮೆರಿಕದ ತಯಾರಕರು ಇದನ್ನು ಅನ್ಯಾಯವೆಂದರು. 1968ರಲ್ಲಿ ಒಪ್ಪಂದ ನವೀಕರಣಕ್ಕೆ ಬಂದಾಗ, ಸಂಸ್ಕರಿಸಿದ ಕಾಫಿಗೆ ಬೀಜಕ್ಕಿಂತ ಹೆಚ್ಚಿನ ಅನುಕೂಲ ಕೊಡಕೂಡದೆಂಬ 44ನೇ ಕಲಮು ಅದರೊಳಗೆ ಸೇರಿತು. ಕಲಮಿನ ಬಲದಿಂದ ಒತ್ತಡ ಬಿತ್ತು. 1969ರಲ್ಲಿ ಬ್ರೆಜಿಲ್ ಅಮೆರಿಕಕ್ಕೆ ಹೋಗುವ ತನ್ನದೇ ಪುಡಿಯ ಮೇಲೆ ಪೌಂಡಿಗೆ 13 ಸೆಂಟು ತೆರಿಗೆ ಹಾಕಿಕೊಂಡಿತು. ಜಗಳ ಅಲ್ಲಿಗೂ ಮುಗಿಯದೆ, 1971ರ ರಾಜಿಯಲ್ಲಿ ಅಮೆರಿಕದ ತಯಾರಕರಿಗೂ ತೆರಿಗೆಯಿಲ್ಲದ ಬೀಜ ಒದಗಿಸಲು ಒಪ್ಪಬೇಕಾಯಿತು.

ಬಡ ದೇಶದ ಬೀಜಕ್ಕೆ ಒಳ್ಳೆಯ ಬೆಲೆ ಕೊಡಲು ಒಪ್ಪಿದ ಅದೇ ಒಪ್ಪಂದವೇ ಆ ದೇಶದ ಕಾರ್ಖಾನೆಯ ಕಾಲು ಕಟ್ಟಿತು. 1962ರ ಉದಾರತೆಯನ್ನು ಅಳೆಯುವವರು 44ನೇ ಕಲಮನ್ನೂ ತಕ್ಕಡಿಗೆ ಹಾಕಬೇಕು.

1989ರ ಜುಲೈ

ಹೆಚ್ಚು ಪಾಲು ಬೇಕೆಂದು ಮಧ್ಯ ಅಮೆರಿಕದ ದೇಶಗಳು ಕೇಳುತ್ತಿದ್ದವು. ಬಿಟ್ಟುಕೊಡಲು ಬ್ರೆಜಿಲ್ ಸಿದ್ಧವಿರಲಿಲ್ಲ. ಶೀತಲ ಸಮರ ಮುಗಿಯುತ್ತಿದ್ದಂತೆ ಅಮೆರಿಕಕ್ಕೂ ಕೋಟಾದ ರಾಜಕೀಯ ಅಗತ್ಯ ತೀರಿತ್ತು. 1989ರ ಜುಲೈ ಮೊದಲ ವಾರ ಕೋಟಾ ರದ್ದಾಯಿತು. ಕೆಲವೇ ತಿಂಗಳಲ್ಲಿ ಬೆಲೆ ಸುಮಾರು ಅರ್ಧಕ್ಕೆ ಕುಸಿಯಿತು. ರಫ್ತು ಗಳಿಕೆಗೆ ಕಾಫಿಯನ್ನೇ ನೆಚ್ಚಿದ್ದ ರುವಾಂಡಾದಲ್ಲಿ ಸರ್ಕಾರ 1990ರಲ್ಲಿ ಬೆಳೆಗಾರನಿಗೆ ಕೊಡುವ ದರವನ್ನು ಕಿಲೋಗೆ 125 ಫ್ರಾಂಕ್‌ನಿಂದ 100ಕ್ಕೆ ಇಳಿಸಿತು.

ಭಾರತಕ್ಕೆ ಎರಡನೆಯ ಪೆಟ್ಟು 1991ರಲ್ಲಿ ಬಿತ್ತು: ಸೋವಿಯತ್ ಒಕ್ಕೂಟ ಒಡೆದು ರೂಪಾಯಿ ವ್ಯಾಪಾರದ ಕೊಂಡಿ ಕಳಚಿತು. ಲಂಡನ್ನಿನ ಕೋಟಾ, ಮಾಸ್ಕೋದ ಖರೀದಿ ಎರಡೂ ಇಲ್ಲದ ಮೇಲೆ ಪೂಲ್ ನಿಲ್ಲುವುದಾದರೂ ಹೇಗೆ? 1992ರಿಂದ ಬೆಳೆಯ ಒಂದು ಪಾಲನ್ನು ಬೆಳೆಗಾರನೇ ಮಾರಿಕೊಳ್ಳಲು ಬಿಟ್ಟರು. ಆ ಪಾಲು ಹಂತಹಂತವಾಗಿ ಹಿಗ್ಗಿ 1996ರಲ್ಲಿ ಪೂರ್ತಿ ಬಿಡುಗಡೆಯಾಯಿತು. ನಡುವೆ 1994ರಲ್ಲಿ ಬ್ರೆಜಿಲ್ಲಿಗೆ ಮತ್ತೆ ಹಿಮ ಬಡಿಯಿತು. ಕಾಫಿ ಸ್ವಂತ ಕೈಯಲ್ಲಿದ್ದ ಸಮಯಕ್ಕೆ ಸರಿಯಾಗಿ ಬೆಲೆ ಹಾರಿತು. ಕೊಡಗು, ಮೂಡಿಗೆರೆ, ಸಕಲೇಶಪುರದ ಕಡೆ ಆ ವರ್ಷಗಳಲ್ಲಿ ಕೊಂಡ ಜೀಪು, ಕಟ್ಟಿಸಿದ ಮನೆ, ಮಕ್ಕಳನ್ನು ದೂರದ ಕಾಲೇಜಿಗೆ ಕಳಿಸಿದ ನೆನಪು ಇನ್ನೂ ಹಸಿಯಾಗಿದೆ. ಸ್ವಾತಂತ್ರ್ಯ ಬಂತೆಂದು ಅವರಿಗೆ ಅನಿಸಿದ್ದರಲ್ಲಿ ತಪ್ಪಿಲ್ಲ. ಪೂಲಿನ ಕಂತಿಗೆ ಕಾದು ಸೋತವರು ಅವರು.

ಆ ಸಂಭ್ರಮ ಹೆಚ್ಚು ಕಾಲ ನಿಲ್ಲಲಿಲ್ಲ. ವಿಯೆಟ್ನಾಂ ಶತಮಾನದ ಕೊನೆಯ ಹೊತ್ತಿಗೆ ಜಗತ್ತಿನ ಎರಡನೆಯ ದೊಡ್ಡ ಬೆಳೆಗಾರ ದೇಶವಾಗಿತ್ತು. 2001ರಲ್ಲಿ ಅಂತಾರಾಷ್ಟ್ರೀಯ ಕಾಫಿ ಸಂಸ್ಥೆಯ ಸರಾಸರಿ ಸೂಚ್ಯಂಕ ಬೆಲೆ ಪೌಂಡಿಗೆ ಸುಮಾರು 45.6 ಸೆಂಟಿಗೆ ಇಳಿಯಿತು. ನಮ್ಮ ತೋಟಗಳ ಸಾಲ ಬೆಟ್ಟವಾಗಿ, ಕೇಂದ್ರ ಸರ್ಕಾರ ವಿಶೇಷ ಅವಧಿ ಸಾಲದ ಯೋಜನೆ ತರಬೇಕಾಯಿತು. ಕಾಫಿ ಸಂಸ್ಥೆ ಆಗ ಕೊಟ್ಟ ಲೆಕ್ಕ ಇಡೀ ಕಾಲವನ್ನು ವಿವರಿಸುತ್ತದೆ. 1990ರ ದಶಕದ ಆರಂಭದಲ್ಲಿ ಜಗತ್ತಿನ ಚಿಲ್ಲರೆ ಕಾಫಿ ಮಾರಾಟ ಸುಮಾರು 3,000 ಕೋಟಿ ಡಾಲರ್. ಅದರಲ್ಲಿ ಬೆಳೆಯುವ ದೇಶಗಳಿಗೆ ಸಿಗುತ್ತಿದ್ದದ್ದು 1,000ದಿಂದ 1,200 ಕೋಟಿ. 2002ರ ಹೊತ್ತಿಗೆ ಮಾರಾಟ 7,000 ಕೋಟಿ ಡಾಲರಿಗೆ ಏರಿತ್ತು, ಬೆಳೆಯುವ ದೇಶಗಳ ಗಳಿಕೆ 550 ಕೋಟಿಗೆ ಇಳಿದಿತ್ತು. ಕುಡಿಯುವವರು ಹೆಚ್ಚು ಹಣ ಕೊಟ್ಟರು. ಆ ಹಣ ಹುರಿಯುವ, ಮಿಶ್ರಣ ಮಾಡುವ, ಹೆಸರು ಅಂಟಿಸಿ ಮಾರುವ ಹಂತದಲ್ಲೇ ನಿಂತಿತು.

ಒಂದು ಆಕ್ಷೇಪಕ್ಕೆ ಇಲ್ಲಿ ಉತ್ತರ ಹೇಳಬೇಕು. ಕೋಟಾ ಮುರಿಯದಿದ್ದರೆ ವಿಯೆಟ್ನಾಂ ಬೆಳೆಯುತ್ತಿತ್ತೇ? ಹಳೆಯ ರಫ್ತಿನ ಮೇಲೆ ಪಾಲು ಹಂಚುವ ಪದ್ಧತಿ ಹೊಸಬರಿಗೆ ಜಾಗ ಕೊಡುವುದಿಲ್ಲ ಎಂಬುದು ನಿಜ. ವಿಯೆಟ್ನಾಂನ ಡಾಕ್ ಲಾಕ್ ಪ್ರಾಂತದ ರೈತ ಬದುಕು ಕಟ್ಟಿಕೊಂಡದ್ದು ಕೋಟಾ ಇಲ್ಲದ ಮಾರುಕಟ್ಟೆಯಲ್ಲಿ. ಆದರೆ ಆ ಏಳಿಗೆಯ ಹಿಂದೆ 1986ರ ದೋಯ್ ಮೋಯ್ ಆರ್ಥಿಕ ಸುಧಾರಣೆ, ಭೂಮಿಯ ಹಂಚಿಕೆ, ಸರ್ಕಾರದ ಸಾಲ, ನೀರಾವರಿ ಎಲ್ಲವೂ ಇದ್ದವು. ಬೆಲೆ ಬಿದ್ದಾಗ ಅಲ್ಲಿನ ರೈತನೂ ನಮ್ಮವನಷ್ಟೇ ನರಳಿದ. ಮುಕ್ತ ಮಾರುಕಟ್ಟೆಯೊಂದೇ ದೇಶ ಕಟ್ಟಿತೆಂದು ಹೇಳಲು ಈ ಉದಾಹರಣೆ ಸಾಲದು.

ರಿಯಾಯಿತಿಯ ರಾಜಕೀಯ

1995ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಬಂದ ಮೇಲೆ ವ್ಯಾಪಾರದ ಜಗಳಗಳಿಗೆ ಕಟ್ಟೆಯೊಂದು ಸಿಕ್ಕಿತು. ಮಾದಕ ವಸ್ತು ನಿಯಂತ್ರಣಕ್ಕೆ ನೆರವೆಂದು ಯುರೋಪ್ ಕೆಲವು ಲ್ಯಾಟಿನ್ ಅಮೆರಿಕದ ದೇಶಗಳಿಗೆ ಸುಂಕ ಬಿಟ್ಟಿತ್ತು. ಅದರಿಂದ ತನ್ನ ಇನ್‌ಸ್ಟಂಟ್ ಕಾಫಿಗೆ ಹೊಡೆತವೆಂದು 2000ದಲ್ಲಿ ಬ್ರೆಜಿಲ್ ದೂರಿತು. ಆ ರಿಯಾಯಿತಿ ಪಾಕಿಸ್ತಾನಕ್ಕೂ ಸಿಕ್ಕಿದಾಗ 2002ರಲ್ಲಿ ಭಾರತ ದಾವೆ ಹೂಡಿತು, 2004ರ ಮೇಲ್ಮನವಿ ತೀರ್ಪಿನಲ್ಲಿ ಗೆದ್ದಿತು. ಒಂದೇ ಅಳತೆಯ ಅಗತ್ಯವಿರುವ ದೇಶಗಳಿಗೆ ಒಂದೇ ರಿಯಾಯಿತಿ ಸಿಗಬೇಕೆಂಬುದು ತೀರ್ಪಿನ ಸಾರ. ಅಭಿವೃದ್ಧಿಶೀಲ ದೇಶಗಳಿಗೂ ನಿಯಮ ನೆರವಾಗಬಲ್ಲದೆಂಬುದಕ್ಕೆ ಇದೊಂದು ಗಟ್ಟಿ ಸಾಕ್ಷಿ.

ನಮ್ಮದೇ ಬಾಗಿಲ ಬಳಿಯೂ ಇಂಥ ಎಳೆದಾಟವಿದೆ. ಕಾಫಿ ಆಮದಿಗೆ ಭಾರತ ಶೇ. 100 ಸುಂಕ ಹಾಕುತ್ತದೆ. 2010ರ ಜನವರಿ 1ರಂದು ಜಾರಿಗೆ ಬಂದ ಆಸಿಯಾನ್ (ಆಗ್ನೇಯ ಏಷ್ಯಾ ದೇಶಗಳ ಕೂಟ) ಒಪ್ಪಂದದಡಿ ಆ ದೇಶಗಳ ಕಾಫಿಗೆ ಅದನ್ನು 2019ರ ಕೊನೆಗೆ ಶೇ. 45ಕ್ಕೆ ಇಳಿಸಲು ಒಪ್ಪಿತು. ಮರು ರಫ್ತಿಗೆಂದು ತರುವ ಬೀಜಕ್ಕೆ ಸುಂಕವೇ ಇಲ್ಲ. ಹೊರಗಿನ ರೊಬಸ್ಟಾ ತರಿಸಿ ಇನ್‌ಸ್ಟಂಟ್ ಮಾಡಿ ಕಳಿಸುವ ಉದ್ಯಮ ಇದರಿಂದ ಬೆಳೆದಿದೆ. ಬ್ರೆಜಿಲ್ 1960ರ ದಶಕದಲ್ಲಿ ಏರಲು ಹೊರಟ ಮೆಟ್ಟಿಲನ್ನು ಭಾರತ ಏರಿದೆ. ಬೆಳೆಗಾರನಿಗೆ ಅದರಲ್ಲಿ ಎಷ್ಟು ಪಾಲು ಸಿಗಬೇಕೆಂಬುದು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ.

ನಕ್ಷೆಯ ಮೇಲೆ ತೋಟ

2023ರಲ್ಲಿ ಯುರೋಪ್ ಒಕ್ಕೂಟ ಅರಣ್ಯನಾಶ ತಡೆ ನಿಯಮವನ್ನು ಅಂಗೀಕರಿಸಿತು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದಲ್ಲಿ ಬೆಳೆದ ಕಾಫಿ, ಕೋಕೋ, ರಬ್ಬರ್ ಮುಂತಾದವು ಆ ಮಾರುಕಟ್ಟೆಗೆ ಬರುವಂತಿಲ್ಲ. ಜಾರಿಯ ದಿನಾಂಕ ಒಂದಕ್ಕಿಂತ ಹೆಚ್ಚು ಸಲ ಮುಂದೆ ಹೋಗಿದೆ. ಉದ್ದೇಶವನ್ನು ನಾನು ಪೂರ್ಣ ಮನಸ್ಸಿನಿಂದ ಒಪ್ಪುತ್ತೇನೆ. ಪಶ್ಚಿಮಘಟ್ಟದ ಮಳೆಯನ್ನೇ ನೆಚ್ಚಿ ಬದುಕುವವರು ಕಾಡಿನ ಬೆಲೆ ಬಲ್ಲರು. ನಮ್ಮ ಕಾಫಿ ಹೆಚ್ಚಾಗಿ ಬೆಳೆಯುವುದೂ ಮರದ ನೆರಳಿನಲ್ಲೇ. ತೊಡಕಿರುವುದು ರುಜುವಾತಿನಲ್ಲಿ.

ನಾಲ್ಕು ಹೆಕ್ಟೇರ್ ಮೀರಿದ ತುಂಡಿಗೆ ಗಡಿಯನ್ನು ಸುತ್ತುವರಿದು ಅಕ್ಷಾಂಶ ರೇಖಾಂಶ ಗುರುತಿಸಬೇಕು. ಅದಕ್ಕಿಂತ ಚಿಕ್ಕದಕ್ಕೆ ಒಂದು ಬಿಂದು ಸಾಕು. ಜೊತೆಗೆ ಭೂಮಿಯ ಬಳಕೆ ಆಯಾ ದೇಶದ ಕಾನೂನಿಗೆ ತಕ್ಕಂತಿದೆಯೆಂದೂ ತೋರಿಸಬೇಕು. ಕೊಡಗಿನ ಜಮ್ಮಾ ಭೂಮಿಯಲ್ಲಿ ಪಹಣಿ ಪಟ್ಟೇದಾರನ ಹೆಸರಿನಲ್ಲಿರುತ್ತದೆ, ಉಳುಮೆ ಇಡೀ ಒಕ್ಕದ್ದು, ಅಂದರೆ ಮನೆತನದ್ದು. ಮೂರು ತಲೆಮಾರಿನಿಂದ ಬಾಯಿಮಾತಿನಲ್ಲಿ ಪಾಲಾದ ನಾಲ್ಕೆಕರೆಯ ಮೂಲೆಯಲ್ಲಿ ಇಂದಿನ ಬೆಳೆಗಾರ ಮೊಬೈಲ್ ಹಿಡಿದು ನಿಲ್ಲುತ್ತಾನೆ; ಸಿಲ್ವರ್ ಮರದ ದಟ್ಟ ನೆರಳಿನಡಿ ಸಿಗ್ನಲ್ ಸಿಗುವ ಜಾಗ ಹುಡುಕಿ ತನ್ನ ತೋಟದ ಬಿಂದುವನ್ನು ದಾಖಲಿಸುತ್ತಾನೆ. ಆ ಬಿಂದುವಿನ ಜೊತೆ ಹೊರಡುವ ಅವನ ಮೂಟೆಗೆ ಯುರೋಪಿನ ಬಂದರಿನಲ್ಲಿ ಇವತ್ತಿಗೂ 0901.11ನೇ ಸಾಲು ಕಾಯುತ್ತಿದೆ.