ದೂರದ ವೈದ್ಯ, ಹತ್ತಿರದ ಕೈ



ನಿಮ್ಮಲ್ಲಿ ಶಿಕಾರಿಪುರ, ಸೊರಬದ ಕಡೆಯವರು ಇದ್ದರೆ ಒಂದು ಲೆಕ್ಕ ನಿಮಗೆ ಬಾಯಿಪಾಠವಾಗಿರುತ್ತದೆ. ಮನೆಯಿಂದ ಡಾಂಬರು ರಸ್ತೆಗೆ ಎಷ್ಟು ದೂರ, ಅಲ್ಲಿಂದ ತಾಲ್ಲೂಕು ಆಸ್ಪತ್ರೆಗೆ ಎಷ್ಟು ದೂರ, ತಾಲ್ಲೂಕು ಆಸ್ಪತ್ರೆಯಲ್ಲಿ ಆಗದಿದ್ದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಎಷ್ಟು ದೂರ ಎಂಬ ಲೆಕ್ಕ ಅದು. ಶಿಕಾರಿಪುರದಿಂದ ಶಿವಮೊಗ್ಗಕ್ಕೆ ಸುಮಾರು 50 ಕಿಲೋಮೀಟರು. ಸೊರಬದವರಿಗೆ ದಾರಿ ಇನ್ನೂ ಉದ್ದ. ನಡುರಾತ್ರಿ ಅಜ್ಜನಿಗೆ ಎದೆ ಹಿಡಿದುಕೊಂಡಿತು ಎನ್ನಿ. ಆಗ ಈ ಲೆಕ್ಕ ಕಿಲೋಮೀಟರುಗಳದ್ದಾಗಿ ಉಳಿಯುವುದಿಲ್ಲ, ನಿಮಿಷಗಳದ್ದಾಗುತ್ತದೆ.

ರೋಗಿ ಇದ್ದಲ್ಲೇ ಇರಲಿ, ತಜ್ಞ ವೈದ್ಯರ ಸಲಹೆ ಅವನಿದ್ದಲ್ಲಿಗೆ ಬರಲಿ ಎಂಬುದೇ ದೂರವೈದ್ಯ ಅಥವಾ ಟೆಲಿಮೆಡಿಸಿನ್ ಎಂಬ ಪದ್ಧತಿಯ ತಿರುಳು. ಇದನ್ನು ಉಪಗ್ರಹ, ಕಂಪ್ಯೂಟರುಗಳ ಕತೆಯೆಂದು ಹೇಳುವುದೇ ವಾಡಿಕೆ. ಆದರೆ ಅದರ ಇತಿಹಾಸವನ್ನು ನೋಡುತ್ತ ಹೋದರೆ ಯಂತ್ರಕ್ಕಿಂತ ಮುಖ್ಯವಾದ ಮೂರು ಪ್ರಶ್ನೆಗಳು ಎದುರಾಗುತ್ತವೆ. ರೋಗಿಯ ಪಕ್ಕದಲ್ಲಿ ನಿಲ್ಲುವವರು ಯಾರು? ಆ ತುದಿಯಲ್ಲಿ ಉತ್ತರ ಕೊಡುವವರು ಯಾರು? ತಿಂಗಳು ತಿಂಗಳೂ ಖರ್ಚು ಕೊಡುವವರು ಯಾರು? ಈ ಮೂರಕ್ಕೂ ಉತ್ತರವಿದ್ದಲ್ಲಿ ದೂರವೈದ್ಯ ಉಳಿದಿದೆ. ಒಂದಕ್ಕೆ ಉತ್ತರವಿಲ್ಲದಿದ್ದರೂ ಯಂತ್ರದ ಮೇಲೆ ಧೂಳು ಕೂತಿದೆ.

ಮೂರನೆಯ ಪ್ರಶ್ನೆಯಿಂದಲೇ ಆರಂಭಿಸೋಣ. ಅದಕ್ಕೆ ನಾವು ಶಿಕಾರಿಪುರ ತಾಲ್ಲೂಕನ್ನು ಬಿಟ್ಟು ಹೋಗಬೇಕಿಲ್ಲ. ಬಳ್ಳಿಗಾವೆಯ ಕೇದಾರೇಶ್ವರ ದೇವಾಲಯವನ್ನು ನೀವು ಶಾಲಾ ಪ್ರವಾಸದಲ್ಲಿ ನೋಡಿರಬಹುದು. ಅದಕ್ಕೆ ಸೇರಿದ ಕೋಡಿಯ ಮಠವನ್ನು 1162ರ ಶಾಸನವೊಂದು ಬಣ್ಣಿಸುತ್ತದೆ. ಅಲ್ಲಿ ವೇದ, ವ್ಯಾಕರಣ, ದರ್ಶನಗಳ ಪಾಠ ನಡೆಯುತ್ತಿತ್ತು. ಬಡವರಿಗೆ, ಅಂಗವಿಕಲರಿಗೆ ಅನ್ನ ಸಿಗುತ್ತಿತ್ತು. ದಿಕ್ಕಿಲ್ಲದ ರೋಗಿಗಳಿಗೆ ಔಷಧೋಪಚಾರವೂ ನಡೆಯುತ್ತಿತ್ತು. ಇದೆಲ್ಲ ನಡೆದದ್ದು ದತ್ತಿಯಿಂದ. ಭೂಮಿ ಪ್ರತಿ ವರ್ಷ ಬೆಳೆಯುತ್ತಿತ್ತು, ಆದ್ದರಿಂದ ಔಷಧದ ಖರ್ಚೂ ಪ್ರತಿ ವರ್ಷ ಹುಟ್ಟುತ್ತಿತ್ತು. ಒಮ್ಮೆ ಕೊಟ್ಟು ಮುಗಿಯುವ ದಾನಕ್ಕೂ ವರ್ಷ ವರ್ಷ ಮರಳಿ ಬರುವ ಆದಾಯಕ್ಕೂ ಇರುವ ವ್ಯತ್ಯಾಸವನ್ನು ಅಂದಿನವರು ಚೆನ್ನಾಗಿ ಬಲ್ಲವರಾಗಿದ್ದರು. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಇನ್ನು ಪಕ್ಕದ ಸೊರಬಕ್ಕೆ ಬರೋಣ. 1957ರಲ್ಲಿ ಆ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲಿನ ಹಳ್ಳಿಗಳ ಜನ ತೀವ್ರ ಜ್ವರದಿಂದ ಮಲಗಿದರು. ಮಂಗಗಳೂ ಸಾಯುತ್ತಿದ್ದುದರಿಂದ ಇದು ಭಾರತದಲ್ಲಿ ಇಲ್ಲದ ಹಳದಿ ಜ್ವರವಿರಬಹುದೇ ಎಂಬ ಆತಂಕ ಹುಟ್ಟಿತು. ಉತ್ತರ ಹೇಳಬಲ್ಲವರು ಇದ್ದದ್ದು ಪುಣೆಯಲ್ಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನ ಸೇರಿ 1952ರಲ್ಲಿ ಕಟ್ಟಿದ ವೈರಸ್ ಸಂಶೋಧನಾ ಕೇಂದ್ರ ಅದು. ಅಲ್ಲಿನ ವಿಜ್ಞಾನಿಗಳು ಮಲೆನಾಡಿಗೆ ಬಂದು ಮಂಗ, ಮನುಷ್ಯ ಮತ್ತು ಉಣುಗುಗಳಿಂದ ಮಾದರಿಗಳನ್ನು ಸಂಗ್ರಹಿಸಿದರು. ಹಳದಿ ಜ್ವರವಲ್ಲ, ಅದುವರೆಗೆ ಜಗತ್ತು ಕಂಡಿರದ ವೈರಸ್ ಎಂಬುದು ಸಿದ್ಧವಾಯಿತು. ಸೊರಬದ ಕಾಡಿನ ಹೆಸರು ವೈದ್ಯಗ್ರಂಥಗಳನ್ನು ಸೇರಿತು. ನಮ್ಮ ಜನರ ಬಾಯಲ್ಲಿ ಅದು ಮಂಗನ ಕಾಯಿಲೆ.

ಈ ಘಟನೆಯಲ್ಲಿ ಎರಡು ಪಾಠಗಳಿವೆ. ಸುದ್ದಿ ತಂತಿಯಲ್ಲಿ ಹೋಗಬಲ್ಲದು, ರಕ್ತದ ಮಾದರಿ ಹೋಗಲಾರದು ಎಂಬುದು ಮೊದಲನೆಯದು. ಮುಂದೆ ಶಿವಮೊಗ್ಗದಲ್ಲೇ ಈ ಕಾಯಿಲೆಯ ಪತ್ತೆಗೆ ಪ್ರಯೋಗಾಲಯ ಬೇಕಾಯಿತು. ಸತ್ತ ಮಂಗವನ್ನು ಕಂಡು ಸುದ್ದಿ ಮುಟ್ಟಿಸುವ ಒಬ್ಬ ಮನುಷ್ಯ ಹಳ್ಳಿಯಲ್ಲಿ ಇಲ್ಲದಿದ್ದರೆ ಪುಣೆಯ ಪಾಂಡಿತ್ಯದಿಂದ ಪ್ರಯೋಜನವಿಲ್ಲ ಎಂಬುದು ಎರಡನೆಯದು.

ಹಾಗಾದರೆ ತಂತಿಯಲ್ಲಿ ಹೋಗಬಲ್ಲದ್ದು ಯಾವುದು? ಇದಕ್ಕೆ ಮೊದಲ ಉತ್ತರ ಸಿಕ್ಕಿದ್ದು ಹಾಲೆಂಡಿನ ಲೈಡನ್ ನಗರದಲ್ಲಿ. ಹೃದಯ ಪ್ರತಿ ಸಲ ಮಿಡಿದಾಗಲೂ ಅತಿ ಸಣ್ಣ ವಿದ್ಯುತ್ ಅಲೆಯೊಂದು ಏಳುತ್ತದೆ. ಅದನ್ನು ಬರೆದಿಡುವ ಇ.ಸಿ.ಜಿ. ಉಪಕರಣವನ್ನು ರೂಪಿಸಿದವರು ವಿಲೆಮ್ ಐಂತೋವನ್. ಅವರ ಯಂತ್ರ ಆಸ್ಪತ್ರೆಗೆ ಒಯ್ಯಲಾಗದಷ್ಟು ದೊಡ್ಡದಿತ್ತು. 1905ರಲ್ಲಿ ಅವರು ಸುಮಾರು ಒಂದೂವರೆ ಕಿಲೋಮೀಟರು ದೂರದ ಆಸ್ಪತ್ರೆಯಲ್ಲಿದ್ದ ರೋಗಿಯ ಹೃದಯದ ಅಲೆಯನ್ನು ದೂರವಾಣಿ ತಂತಿಯ ಮೂಲಕ ಪ್ರಯೋಗಾಲಯಕ್ಕೆ ತರಿಸಿಕೊಂಡರು. ಇ.ಸಿ.ಜಿ. ಒಂದು ತೆಳುವಾದ ಗೆರೆ ಮಾತ್ರ. ಅದರಲ್ಲಿರುವ ಮಾಹಿತಿ ಅತಿ ಕಡಿಮೆ. ಎಕ್ಸ್‌ರೇ ಚಿತ್ರಕ್ಕೆ ಅದಕ್ಕಿಂತ ದೊಡ್ಡ ದಾರಿ ಬೇಕು, ಚಲಿಸುವ ಚಿತ್ರಕ್ಕೆ ಇನ್ನೂ ದೊಡ್ಡದು. ಆದ್ದರಿಂದಲೇ ದೂರವೈದ್ಯದ ಇತಿಹಾಸದಲ್ಲಿ ಹೃದಯಕ್ಕೆ ಮೊದಲ ಸ್ಥಾನ.

ಹತ್ತಿರದ ಕೈ ಎಷ್ಟು ಮುಖ್ಯವೆಂಬುದನ್ನು ತೋರಿಸಿಕೊಟ್ಟದ್ದು ಆಸ್ಟ್ರೇಲಿಯ. ಅಲ್ಲಿನ ಒಳನಾಡಿನಲ್ಲಿ ಒಂದು ಮನೆಗೂ ಇನ್ನೊಂದಕ್ಕೂ ನೂರಾರು ಕಿಲೋಮೀಟರುಗಳ ಅಂತರ. 1928ರಲ್ಲಿ ಜಾನ್ ಫ್ಲಿನ್ ಎಂಬ ಪಾದ್ರಿ ವಿಮಾನದಲ್ಲಿ ವೈದ್ಯರನ್ನು ಕಳುಹಿಸುವ ಸೇವೆ ಆರಂಭಿಸಿದರು. ವಿದ್ಯುತ್ತಿಲ್ಲದ ಮನೆಗಳಿಗಾಗಿ ಆಲ್ಫ್ರೆಡ್ ಟ್ರೇಗರ್ ಎಂಬುವರು ಕಾಲಿನಿಂದ ಪೆಡಲ್ ತುಳಿದು ನಡೆಸುವ ರೇಡಿಯೋ ಮಾಡಿಕೊಟ್ಟರು. ಮುಂದೆ ಪ್ರತಿ ಮನೆಗೂ ಸಂಖ್ಯೆ ಹಾಕಿದ ಔಷಧಗಳ ಪೆಟ್ಟಿಗೆ ಬಂತು. ವೈದ್ಯರು ರೇಡಿಯೋದಲ್ಲಿ ಸಂಖ್ಯೆ ಹೇಳಿದರೆ ಸಾಕು, ಮನೆಯ ಗೃಹಿಣಿ ಆ ಔಷಧ ಕೊಡುತ್ತಿದ್ದಳು. ಸಲಹೆಯ ಜೊತೆಗೆ ಔಷಧವೂ ಅದನ್ನು ಕೊಡುವ ಕೈಯೂ ಅಲ್ಲೇ ಇದ್ದವು.

ನಮ್ಮ ನಾಡಿಗೆ ಆಕಾಶಮಾರ್ಗದ ಪಾಠ ಬಂದದ್ದು ದೂರದರ್ಶನದ ಮೂಲಕ. ಅಮೆರಿಕದ ನಾಸಾ ಸಂಸ್ಥೆ ಒಂದು ವರ್ಷದ ಮಟ್ಟಿಗೆ ಒದಗಿಸಿದ ಉಪಗ್ರಹದಿಂದ 1975ರ ಆಗಸ್ಟ್‌ನಲ್ಲಿ ‘ಸೈಟ್’ ಪ್ರಯೋಗ ಆರಂಭವಾಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಕೃಷಿ, ಶಿಕ್ಷಣ, ಆರೋಗ್ಯದ ಕಾರ್ಯಕ್ರಮಗಳನ್ನು ನೋಡಿದವು. ನಮ್ಮ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿದ್ದವು. 1976ರ ಜುಲೈಗೆ ಅವಧಿ ಮುಗಿಯಿತು; ಉಪಗ್ರಹ ಹೊರಟುಹೋಯಿತು. ಪ್ರಯೋಗ ಯಶಸ್ವಿಯಾಗಿತ್ತು, ಆದರೂ ಆ ದಾರಿ ಮುಚ್ಚಿತು. ದೂರದರ್ಶನದಲ್ಲಿ ಕೆಲಸ ಮಾಡುವ ನಮ್ಮಂಥವರಿಗೆ ಇದು ಮರೆಯಬಾರದ ಪಾಠ. ಪ್ರಯೋಗಕ್ಕೆ ಮುಕ್ತಾಯದ ದಿನವಿರುತ್ತದೆ, ಜನರ ಕಾಯಿಲೆಗೆ ಇರುವುದಿಲ್ಲ.

ಕಾಲು ಶತಮಾನದ ಬಳಿಕ ಉಪಗ್ರಹ ಆಸ್ಪತ್ರೆಗೇ ಬಂತು. 2000ದ ಮಾರ್ಚ್‌ನಲ್ಲಿ ನಮ್ಮ ಗಡಿಗೆ ಹತ್ತಿರದ ಚಿತ್ತೂರು ಜಿಲ್ಲೆಯ ಅರಗೊಂಡ ಎಂಬ ಊರಿನಲ್ಲಿ ಅಪೋಲೊ ಸಂಸ್ಥೆಯ ದೂರವೈದ್ಯ ಕೇಂದ್ರವನ್ನು ಅಮೆರಿಕದ ಅಧ್ಯಕ್ಷ ಬಿಲ್ ಕ್ಲಿಂಟನ್ ಉದ್ಘಾಟಿಸಿದರು. ಕರ್ನಾಟಕದಲ್ಲಿ 2002ರ ಏಪ್ರಿಲ್‌ನಲ್ಲಿ ಇಸ್ರೋ ನೆರವಿನಿಂದ ಬೆಂಗಳೂರಿನ ನಾರಾಯಣ ಹೃದಯಾಲಯವು ಚಾಮರಾಜನಗರದ ಜಿಲ್ಲಾ ಆಸ್ಪತ್ರೆಗೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಗೂ ಕೂಡಿಕೊಂಡಿತು. ಉಪಗ್ರಹ ಭೂಮಿಯಿಂದ ಸುಮಾರು 36,000 ಕಿಲೋಮೀಟರು ಎತ್ತರದಲ್ಲಿರುತ್ತದೆ. ಸಂಕೇತ ಮೇಲೆ ಹೋಗಿ ಕೆಳಗೆ ಬರಲು ಹೆಚ್ಚುಕಡಿಮೆ ಕಾಲು ಸೆಕೆಂಡು ಸಾಕು. ಸರಗೂರಿನ ಕಾಡಂಚಿನ ರೋಗಿಯ ಇ.ಸಿ.ಜಿ.ಯನ್ನು ಬೆಂಗಳೂರಿನ ತಜ್ಞರು ಓದಬಹುದಾಯಿತು.

ಈಗ ನಮ್ಮ ಮೂರನೆಯ ಪ್ರಶ್ನೆಗೆ ಮರಳೋಣ. ಈ ಖರ್ಚು ಕೊಟ್ಟವರು ಯಾರು? ಉಪಕರಣ ಮತ್ತು ಉಪಗ್ರಹದ ದಾರಿ ಇಸ್ರೋದ್ದು, ತಜ್ಞರ ಸಮಯ ದೊಡ್ಡ ಆಸ್ಪತ್ರೆಯದ್ದು, ಹತ್ತಿರದ ಸಿಬ್ಬಂದಿ ಸ್ಥಳೀಯ ಆಸ್ಪತ್ರೆಯವರು. ಹೀಗೆ ಹಲವರು ಹೊರೆ ಹಂಚಿಕೊಂಡು ನಡೆಸುವುದು ಒಂದು ಮಾದರಿ. ಯಾರಾದರೊಬ್ಬರು ಹೆಗಲು ತೆಗೆದರೆ ಪಲ್ಲಕ್ಕಿ ವಾಲುತ್ತದೆ ಎಂಬುದೇ ಅದರ ದೋಷ.

ರೋಗಿಯೇ ಶುಲ್ಕ ಕೊಡುವುದು ಎರಡನೆಯ ಮಾದರಿ. ಬೆಂಗಳೂರಿನಲ್ಲಿ 2008ರಲ್ಲಿ ಹುಟ್ಟಿದ ಪ್ರಾಕ್ಟೊದಂಥ ಕಂಪನಿಗಳು ಮುಂದೆ ಮೊಬೈಲಿನಲ್ಲೇ ವೈದ್ಯರ ಭೇಟಿಯನ್ನು ಒದಗಿಸಿದವು. ಕೊರೊನಾ ಕಾಲದಲ್ಲಿ, 2020ರ ಮಾರ್ಚ್‌ನಲ್ಲಿ, ಕೇಂದ್ರ ಸರ್ಕಾರ ದೂರವೈದ್ಯಕ್ಕೆ ಸ್ಪಷ್ಟ ನಿಯಮಗಳನ್ನು ಪ್ರಕಟಿಸಿದ ಮೇಲೆ ಈ ವ್ಯವಹಾರಕ್ಕೆ ಬಲ ಬಂತು. ಪಟ್ಟಣದ ಸಂಬಳದಾರನಿಗೆ ಇದು ಅನುಕೂಲವೇ. ಆದರೆ ಅಡಿಕೆ ತೋಟದ ಕೂಲಿಯಾಳಿಗೆ ಶುಲ್ಕವೂ ಕಷ್ಟ, ಇ.ಸಿ.ಜಿ. ತೆಗೆಯುವವರು ಪಕ್ಕದಲ್ಲಿ ಇಲ್ಲದಿರುವುದು ಇನ್ನೂ ಕಷ್ಟ.

ಎಲ್ಲರೂ ಸ್ವಲ್ಪ ಸ್ವಲ್ಪ ಕೂಡಿಸುವುದು ಮೂರನೆಯದು. ದೂರದ ವೈದ್ಯರು ಶಸ್ತ್ರಚಿಕಿತ್ಸೆ ಆಗಬೇಕೆಂದು ಹೇಳಿಬಿಟ್ಟರೆ ಬಡವ ಏನು ಮಾಡಬೇಕು? ಈ ಪ್ರಶ್ನೆಗೆ ಉತ್ತರವಾಗಿ 2003ರಲ್ಲಿ ಸಹಕಾರ ಸಂಘಗಳ ರೈತರಿಗಾಗಿ ಯಶಸ್ವಿನಿ ಯೋಜನೆ ಜಾರಿಗೆ ಬಂತು. ಸದಸ್ಯ ಕೊಡಬೇಕಾದದ್ದು ತಿಂಗಳಿಗೆ 5 ರೂಪಾಯಿ. ಸರ್ಕಾರವೂ ತನ್ನ ಪಾಲು ಸೇರಿಸಿತು. 2018ರಲ್ಲಿ ನಿಂತ ಅದು 2023ರಲ್ಲಿ ಹೆಚ್ಚಿನ ವಂತಿಗೆಯೊಂದಿಗೆ ಮತ್ತೆ ಆರಂಭವಾಯಿತು. ಬಳ್ಳಿಗಾವೆಯ ದತ್ತಿಯಂತೆ ಇಲ್ಲಿಯೂ ವರ್ಷ ವರ್ಷ ಹಣ ಹುಟ್ಟುವ ಏರ್ಪಾಡಿದೆ. ಅಂದು ಭೂಮಿ ಕೊಟ್ಟದ್ದನ್ನು ಇಂದು ಸಾವಿರಾರು ಜನರ ಚಿಲ್ಲರೆ ಕಾಸು ಕೊಡಬೇಕು, ಅಷ್ಟೇ.

ಸರ್ಕಾರವೇ ಕೊಡುವುದು ನಾಲ್ಕನೆಯದು. 2019ರಲ್ಲಿ ಆರಂಭವಾದ ಇ-ಸಂಜೀವಿನಿ ಇದಕ್ಕೆ ದೊಡ್ಡ ಉದಾಹರಣೆ. ಹಳ್ಳಿಯ ಆರೋಗ್ಯ ಕೇಂದ್ರದ ಸಿಬ್ಬಂದಿ ರೋಗಿಯ ಪಕ್ಕ ಕೂತು ದೂರದ ವೈದ್ಯರೊಡನೆ ಮಾತನಾಡಿಸುತ್ತಾರೆ. ರೋಗಿ ಹಣ ಕೊಡಬೇಕಿಲ್ಲ. 2023ರ ಹೊತ್ತಿಗೆ ದೇಶದಲ್ಲಿ ಇಂಥ ಸಮಾಲೋಚನೆಗಳು 10 ಕೋಟಿ ದಾಟಿದವು. ಸರ್ಕಾರವೂ ಖಾಸಗಿ ಆಸ್ಪತ್ರೆಯೂ ಕೈಜೋಡಿಸಿದ ಉದಾಹರಣೆಯೂ ನಮ್ಮಲ್ಲಿದೆ. 2008ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯ ಆರಂಭಿಸಿದ ಕಿಡ್‌ರಾಪ್ ಯೋಜನೆಯಲ್ಲಿ ತರಬೇತಾದ ತಂತ್ರಜ್ಞರು ಊರೂರಿನ ಆಸ್ಪತ್ರೆಗಳಿಗೆ ಹೋಗಿ, ದಿನ ತುಂಬದೆ ಹುಟ್ಟಿದ ಮಕ್ಕಳ ಕಣ್ಣಿನೊಳಗಿನ ಚಿತ್ರ ತೆಗೆದು ತಜ್ಞರಿಗೆ ಕಳುಹಿಸುತ್ತಾರೆ. ಹುಟ್ಟಿದ 30 ದಿನದೊಳಗೆ ಈ ಪರೀಕ್ಷೆ ಆಗಬೇಕು. ತಡವಾದರೆ ಮಗು ಕುರುಡಾಗಬಹುದು. ಅಲ್ಲಿ ಕ್ಯಾಮೆರಾದಷ್ಟೇ ಮುಖ್ಯ ಅದನ್ನು ಹಿಡಿದ ತಂತ್ರಜ್ಞರ ಕೈ.

ನಡುರಾತ್ರಿ ಎದೆ ಹಿಡಿದುಕೊಂಡ ಅಜ್ಜನನ್ನು ಮರೆತಿಲ್ಲ. 2023ರಲ್ಲಿ ಪ್ರಕಟವಾದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಅವನಂಥವರಿಗಾಗಿಯೇ ರೂಪುಗೊಂಡದ್ದು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ. ಜಯದೇವದಂಥ ದೊಡ್ಡ ಆಸ್ಪತ್ರೆಯನ್ನು ಕೆಲವೇ ನಿಮಿಷಗಳಲ್ಲಿ ತಲುಪುತ್ತದೆ. ಹೃದಯಾಘಾತವೆಂದು ಖಚಿತವಾದರೆ ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡಬೇಕು, ಆಮೇಲೆ ಆಂಬುಲೆನ್ಸು. ಐಂತೋವನ್ ಅವರ ತಂತಿ, ಆಸ್ಟ್ರೇಲಿಯದ ಔಷಧಪೆಟ್ಟಿಗೆ, ಬಳ್ಳಿಗಾವೆಯ ದತ್ತಿ, ಈ ಮೂರೂ ಇಲ್ಲಿ ಒಂದೆಡೆ ಸೇರಬೇಕು. ಚುಚ್ಚುಮದ್ದು ದಾಸ್ತಾನಿಲ್ಲದ ರಾತ್ರಿ, ಇ.ಸಿ.ಜಿ. ತೆಗೆಯುವವರು ರಜೆಯಲ್ಲಿರುವ ರಾತ್ರಿ, ಸಂಕೇತ ಮಾತ್ರ ಬೆಂಗಳೂರು ಮುಟ್ಟಿದರೆ ಅಜ್ಜನಿಗೆ ಉಪಯೋಗವಿಲ್ಲ.

ಮಿತ್ರರೇ, ಒಂದು ದಿನ ಬಿಡುವು ಮಾಡಿಕೊಂಡು ನಿಮ್ಮೂರಿಗೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಬನ್ನಿ. ದೂರದ ವೈದ್ಯರೊಡನೆ ಮಾತನಾಡಿಸುವ ವ್ಯವಸ್ಥೆ ಇದೆಯೇ, ಅದನ್ನು ನಡೆಸುವವರು ಯಾರು, ಅವರಿಲ್ಲದ ದಿನ ಏನು ಮಾಡುತ್ತಾರೆ, ಹೇಳಿದ ಔಷಧ ಅಲ್ಲಿ ಸಿಗುತ್ತದೆಯೇ ಎಂದು ವಿನಯದಿಂದ ಕೇಳಿ. ಬಂದ ಉತ್ತರವನ್ನು ಬರೆದಿಟ್ಟುಕೊಂಡು ಗ್ರಾಮಸಭೆಯಲ್ಲಿ ಓದಿ. ಕ್ಯಾಸನೂರಿನ ಕಾಯಿಲೆ ಜಗತ್ತಿಗೆ ತಿಳಿದದ್ದು ಪುಣೆಯ ಸೂಕ್ಷ್ಮದರ್ಶಕದಿಂದ ಮಾತ್ರವಲ್ಲ. ಕಾಡಂಚಿನಲ್ಲಿ ಸತ್ತುಬಿದ್ದ ಮಂಗವನ್ನು ಕಂಡವರು ಸುಮ್ಮನೆ ದಾಟಿ ಹೋಗದೆ ನಾಲ್ಕು ಜನಕ್ಕೆ ಹೇಳಿದ್ದರಿಂದಲೂ ಹೌದು.