ಹುಡುಗರು ಹೋದರು, ಹೆಸರು ಉಳಿಯಿತು

ಸೂಳೆಕೆರೆಯ ಸಮೀಪದ ಕೆರೆಬಿಳಚಿಗೆ ಹೋಗಿದ್ದಾಗ, ಚಹದಂಗಡಿಯ ಬೆಂಚಿನ ಮೇಲೆ ಕುಳಿತು, ಅಮೆರಿಕದ ಹಾಕಿ ತಂಡವೊಂದು ಮಾರಾಟವಾಗಿ ಊರನ್ನೇ ಬದಲಿಸಿದ ಸಂಗತಿಯನ್ನು ಹೇಳುತ್ತಿದ್ದೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು ಕೇಳಿದರು: “ಎತ್ತು ಮಾರಿದ್ರೆ ಎತ್ತೇ ಹೋಗ್ತದೆ. ತಂಡ ಮಾರಿದ್ರೆ ಹೋಗೋದ್ಯಾವುದಪ್ಪಾ? ಹುಡುಗ್ರೋ, ಹೆಸರೋ?”

ನಕ್ಕು ಮರೆಯುವಂಥ ಪ್ರಶ್ನೆಯಲ್ಲ. ಇದಕ್ಕೆ ಉತ್ತರ ಕೆನಡ ದೇಶದ ವಿನಿಪೆಗ್ ನಗರದ ಚರಿತ್ರೆಯಲ್ಲಿದೆ.

ಅಲ್ಲಿಯದು ಮಂಜುಗಡ್ಡೆಯ ಮೇಲಿನ ಹಾಕಿ. ವಿನಿಪೆಗ್ ಜೆಟ್ಸ್ ತಂಡಕ್ಕೆ ಬರುವ ಹಣದಲ್ಲಿ ಹೆಚ್ಚಿನದು ಕೆನಡದ ಡಾಲರು. ಆಟಗಾರರಿಗೆ ಕೊಡಬೇಕಾದದ್ದು ಅಮೆರಿಕದ ಡಾಲರು. ಕೆನಡದ ಡಾಲರಿನ ಬೆಲೆ ಇಳಿದಂತೆಲ್ಲ ತಂಡ ಸಾಲದಲ್ಲಿ ಮುಳುಗಿತು. ಕ್ರೀಡಾಂಗಣವೂ ಹಳತಾಗಿತ್ತು. 1995ರಲ್ಲಿ ಊರಿನ ಜನ ಸಾವಿರಗಟ್ಟಲೆ ನೆರೆದು ಚಂದಾ ಎತ್ತಿದರು. ಮಕ್ಕಳು ತಮ್ಮ ಹುಂಡಿಗಳನ್ನೂ ಒಡೆದು ಕೊಟ್ಟರು. ಆದರೂ 1996ರಲ್ಲಿ ತಂಡ ಅರಿಜೋನದ ಮರಳುಗಾಡಿನ ಫೀನಿಕ್ಸ್ ನಗರಕ್ಕೆ ಹೊರಟುಹೋಯಿತು. ಮರಳುಗಾಡಿನಲ್ಲಿ ಮಂಜಿನಾಟ! ಆಟಗಾರರು ಹೋದರು, ಜೆಟ್ಸ್ ಎಂಬ ಹೆಸರು ಹಿಂದೆಯೇ ಉಳಿಯಿತು.

ಫೀನಿಕ್ಸ್‌ನಲ್ಲೂ ಲಾಭ ಕಾಣಲಿಲ್ಲ. 2009ರಲ್ಲಿ ತಂಡ ದಿವಾಳಿಯೆದ್ದಿತು. ಅದನ್ನು ಕೊಂಡು ಕೆನಡದ ಹ್ಯಾಮಿಲ್ಟನ್‌ಗೆ ಒಯ್ಯಲು ಜಿಮ್ ಬಾಲ್ಸಿಲಿ ಎಂಬ ಉದ್ಯಮಿ ಮುಂದೆ ಬಂದರೆ ನ್ಯಾಯಾಲಯ ಒಪ್ಪಲಿಲ್ಲ. ಕೊನೆಗೆ ಲೀಗೇ 14 ಕೋಟಿ ಡಾಲರಿಗೆ ಕೊಂಡಿತು. ಇತ್ತ 2011ರಲ್ಲಿ, ನಷ್ಟದಲ್ಲಿದ್ದ ಅಟ್ಲಾಂಟದ ತಂಡ ಮಾರಾಟವಾಗಿ ವಿನಿಪೆಗ್‌ಗೆ ಬಂತು. ಇಡೀ ಋತುವಿನ 13,000 ಟಿಕೆಟ್ಟುಗಳು ಕೆಲವೇ ದಿನಗಳಲ್ಲಿ ಮುಗಿದವು. ಬಂದ ಹುಡುಗರು ಹೊಸಬರು. ಅವರಿಗೆ ಇಟ್ಟ ಹೆಸರು ಮಾತ್ರ ಹದಿನೈದು ವರ್ಷ ಕಾದಿದ್ದ ಜೆಟ್ಸ್. 2024ರಲ್ಲಿ ಅರಿಜೋನದ ಆಟಗಾರರೂ ಯೂಟಾ ಪ್ರಾಂತದ ಸಾಲ್ಟ್ ಲೇಕ್ ನಗರಕ್ಕೆ ಹೋದರು. ಹೆಸರು ಅಲ್ಲೂ ಹಿಂದುಳಿಯಿತು.

ಇನ್ನು ನಮ್ಮ ಮನೆಯ ಲೆಕ್ಕ. 2005ರಲ್ಲಿ ಪ್ರೀಮಿಯರ್ ಹಾಕಿ ಲೀಗ್ ಆರಂಭವಾದಾಗ ಅಂಗಿಯ ಮೇಲೆ ಬೆಂಗಳೂರಿನ ಹೆಸರು, ಪಂದ್ಯಗಳು ಹೈದರಾಬಾದಿನಲ್ಲಿ. 2006ರಲ್ಲಿ ಬೆಂಗಳೂರು ಲಯನ್ಸ್, 2008ರಲ್ಲಿ ಬೆಂಗಳೂರು ಹೈ-ಫ್ಲೈಯರ್ಸ್ ಕಪ್ ಗೆದ್ದವು. ಅದೇ 2008ರ ಏಪ್ರಿಲಿನಲ್ಲಿ, ಲಂಚದ ಆರೋಪದ ಗದ್ದಲದ ನಡುವೆ, ಭಾರತೀಯ ಹಾಕಿ ಫೆಡರೇಷನ್ ಅಮಾನತಾಯಿತು. ಲೀಗೂ ಅಲ್ಲಿಗೇ ನಿಂತಿತು. 2012ರ ವರ್ಲ್ಡ್ ಸೀರೀಸ್ ಹಾಕಿಯಲ್ಲಿ ಅರ್ಜುನ್ ಹಾಲಪ್ಪನವರ ನಾಯಕತ್ವದ ಕರ್ನಾಟಕ ಲಯನ್ಸ್ ಅಕ್ಕಿತಿಮ್ಮನಹಳ್ಳಿಯ ಸ್ವಂತ ಅಂಗಳದಲ್ಲೂ ಆಡಿತು. ಆ ಪಂದ್ಯಾವಳಿಗೆ ಹಾಕಿ ಇಂಡಿಯಾದ ಮನ್ನಣೆಯಿರಲಿಲ್ಲ. ಎರಡನೆಯ ವರ್ಷ ನಡೆಯಲೇ ಇಲ್ಲ. 2013ರಲ್ಲಿ ಹುಟ್ಟಿ, 2017ರಲ್ಲಿ ನಿಂತು, 2024ರ ಡಿಸೆಂಬರಿನಲ್ಲಿ ಮರಳಿ ಬಂದ ಹಾಕಿ ಇಂಡಿಯಾ ಲೀಗಿನ ಎಂಟು ಪುರುಷರ ತಂಡಗಳಲ್ಲಿ ಕರ್ನಾಟಕದ್ದು ಒಂದೂ ಇರಲಿಲ್ಲ. ವಿನಿಪೆಗ್ಗಿನಲ್ಲಿ ತಂಡ ಹೋಗಿ ಹೆಸರು ಉಳಿಯಿತು. ನಮ್ಮಲ್ಲಿ ಎರಡೂ ಹೋದವು, ಕೊಳ್ಳುವವರೂ ಕಾಣದೆ.

ನಾಡಿಗೆ ಹಾಕಿ ಬೇಡವೆಂದಲ್ಲ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡಗಿನ ಕರಡದಲ್ಲಿ 60 ಕುಟುಂಬಗಳನ್ನು ಕೂಡಿಸಿ ಆರಂಭಿಸಿದ ಪಂದ್ಯಾವಳಿಗೆ 2024ರಲ್ಲಿ ನಾಪೋಕ್ಲಿನಲ್ಲಿ 360 ತಂಡಗಳು ಬಂದವು. ಅಲ್ಲಿ ಮನೆತನದ ಹೆಸರೇ ತಂಡದ ಹೆಸರು, ಮಾರುವ ಮಾತೆಲ್ಲಿ!

ಮತ್ತೊಮ್ಮೆ ಊರಿಗೆ ಹೋದಾಗ ಹಿರಿಯರಿಗೆ ಇದಿಷ್ಟನ್ನೂ ಒಪ್ಪಿಸಿದೆ. ಹುಂಡಿ ಒಡೆದ ಮಕ್ಕಳ ಕಥೆಗೆ ತಲೆದೂಗಿದರು. ಆಮೇಲೆ ಕೇಳಿದರು: “ಬೆಂಗಳೂರಿನ ತಂಡಕ್ಕೆ ನೀನೆಷ್ಟು ಕೊಟ್ಟಿದ್ದೆ?”

ಗೆದ್ದ ದಿನ ಪತ್ರಿಕೆ ಓದಿ ಹಿಗ್ಗಿದವನು ನಾನು. ಟಿಕೆಟ್ಟು ಒಂದನ್ನೂ ಕೊಂಡವನಲ್ಲ.